ಕನ್ನಡಕದಕ್ಕನ ಭಾನುವಾರಗಳು

ಮುಖ ಮರೆಯುವ ರೋಗ ಕನ್ನಡಕದಕ್ಕನಿಗೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಯಾರಾದರೂ ಪಾಪ ಎಂದು ಅವಳ ಪರ ವಕಾಲತ್ತು ವಹಿಸಿಬಿಟ್ಟಾರು. ಕನ್ನಡಕದ ಅಂಗಡಿಯಲ್ಲಿ ಕೂತು ಊರಿನ ಅರ್ಧ ಜನರ ಮೂಗು, ಕಿವಿ ಅಳೆದವಳು ಅವಳು. ಗಿರಾಕಿ ಬಾಗಿಲಲ್ಲಿ ಕಾಣಿಸುತ್ತಲೇ, "ನಿಮ್ಮ ಎಡಗಿವಿ ಸ್ವಲ್ಪ ಮೇಲಿದೆ ಅಲ್ವಾ, ಕಂದು ಫ್ರೇಮು" ಎಂದು ಹೆಸರೂ ಕೇಳದೆ ಸರಿಯಾದ ಡಬ್ಬಿಯನ್ನೇ ಎಳೆಯುತ್ತಿದ್ದಳು. ಲೆನ್ಸಿನ ಅಂಚು ಉಜ್ಜುವುದು, ಫ್ರೇಮನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸುವುದು, ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವುದು, ಇದರಲ್ಲೇ ಅವಳ ಆಯಸ್ಸು ಸವೆದಿತ್ತು. ಅವಳಿಗೆ ಮಾತ್ರ ಇನ್ನೂ ಕನ್ನಡಕ ಬಂದಿರಲಿಲ್ಲ.

ತಾಯಿ ತೀರಿಕೊಂಡಾಗ ತಂಗಿ ಇನ್ನೂ ಜಡೆ ಹಾಕಿಸಿಕೊಳ್ಳುವ ವಯಸ್ಸಿನವಳು. ಅಕ್ಕ ಓದು ಬಿಟ್ಟು ಅಂಗಡಿ ಸೇರಿದಳು, ತಂಗಿ ಓದಿದಳು. ಓದಿ ಓದಿ ಕಾಲೇಜೊಂದರ ಪ್ರಿನ್ಸಿಪಾಲ್ ಆದಳು. ಅಕ್ಕನನ್ನು ಕಂಡರೆ ಅವಳಿಗೆ ಪ್ರಾಣ. ಕಷ್ಟವೇನೆಂದರೆ, ತಾನೇ ಎತ್ತಿ ಆಡಿಸಿದ ಆ ಹುಡುಗಿಯ ಎದುರು ಅಕ್ಕನಿಗೇ ಯಾಕೋ ಒಂದು ಅಳುಕು. ತಂಗಿಯ ಮನೆಗೆ ಹೋದರೆ ಸೋಫಾದ ತುದಿಯಲ್ಲಿ ಕೂರುತ್ತಿದ್ದಳು. ತಂಗಿಯ ಸ್ನೇಹಿತೆಯರು ಬಂದರೆ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಭಾನುವಾರ ಮಧ್ಯಾಹ್ನ ಎಲ್ಲಿಗೆ ಹೋಗುತ್ತೀಯಾ ಎಂದು ತಂಗಿ ಕೇಳಿದರೆ, ಅಂಗಡಿಯಲ್ಲಿ ಸ್ಟಾಕ್ ನೋಡಬೇಕು ಎನ್ನುತ್ತಿದ್ದಳು. ಹೀಗೆ ಪ್ರತಿ ಭಾನುವಾರ ನೋಡುವಷ್ಟು ಸ್ಟಾಕು ಆ ಪುಟ್ಟ ಅಂಗಡಿಯಲ್ಲಿ ಎಲ್ಲಿಂದ ಬರಬೇಕು?

ಅವಳು ಹೋಗುತ್ತಿದ್ದದ್ದು ಟಯರ್ ಅಂಗಡಿಯ ಮೇಲಿನ ಹಾಲಿಗೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ರಬ್ಬರಿನ ವಾಸನೆ, ಪ್ಲಾಸ್ಟಿಕ್ ಕುರ್ಚಿಗಳು, ಮೇಜುಗಳನ್ನು ಜೋಡಿಸಿ ಮೇಲೆ ಜಮಖಾನ ಹಾಸಿದ ವೇದಿಕೆ. ಅಲ್ಲಿ ಹಾಡುವವನು ಜೂನಿಯರ್. ವಾರವಿಡೀ ಲಿಫ್ಟ್ ರಿಪೇರಿ ಮಾಡುವ ಈ ಮನುಷ್ಯ, ಭಾನುವಾರ ಉದ್ದ ಕೂದಲಿನ ವಿಗ್ ತೊಟ್ಟು, ಮಿಣುಗುವ ನೀಲಿ ಕೋಟು ಹಾಕಿಕೊಂಡು, ಒಂದು ಕಾಲದಲ್ಲಿ ಜಗತ್ತನ್ನೇ ಕುಣಿಸಿದ ಹಾಡುಗಾರನೊಬ್ಬನ ತದ್ರೂಪಿಯಾಗುತ್ತಿದ್ದ. ಆ ಹಾಡುಗಾರನನ್ನು ಹಾಲಿನಲ್ಲಿ ಎಲ್ಲರೂ 'ಅಸಲಿ' ಎಂದೇ ಕರೆಯುತ್ತಿದ್ದರು. ಡ್ರಮ್ಮು, ಗಿಟಾರು, ಕೀಬೋರ್ಡಿನವರೂ ಅಸಲಿ ತಂಡದವರ ಹಾಗೆಯೇ ಮೀಸೆ ಬಿಟ್ಟಿದ್ದರು. ಕೀಬೋರ್ಡಿನವನಿಗೆ ಮೀಸೆ ಬರುತ್ತಿರಲಿಲ್ಲ, ಅಂಟಿಸಿಕೊಳ್ಳುತ್ತಿದ್ದ. ಮೆಟ್ಟಿಲ ತುದಿಯಲ್ಲಿ ಜೂನಿಯರನ ಹೆಂಡತಿ ಸ್ಟೂಲು ಹಾಕಿಕೊಂಡು ಕೂತು, ಬಂದವರಿಗೆ ಟಿಕೆಟ್ ಹರಿದು ಕೊಡುತ್ತಿದ್ದಳು. ಆ ನೀಲಿ ಕೋಟನ್ನು ಹೊಲಿದವಳೂ ಅವಳೇ.

ನಕಲಿಯನ್ನು ನೋಡಲು ಇಷ್ಟು ದೂರ ಬರುವುದೇಕೆ ಎಂದು ಕೇಳಿದ್ದರೆ ಕನ್ನಡಕದಕ್ಕ ತಡವರಿಸುತ್ತಿದ್ದಳೋ ಏನೋ. ನಾನು ಹೇಳುತ್ತೇನೆ ಕೇಳಿ. ಕ್ಯಾಸೆಟ್ಟಿನೊಳಗಿನ ಅಸಲಿ ಯಾರ ಮುಖವನ್ನೂ ನೋಡುವುದಿಲ್ಲ. ಜೂನಿಯರ್ ನೋಡುತ್ತಿದ್ದ. ಹಾಡಿನ ನಡುವೆ ವಿಗ್ಗಿನೊಳಗೆ ಪೆನ್ಸಿಲು ತೂರಿಸಿ ತಲೆ ಕೆರೆದುಕೊಳ್ಳುತ್ತ, "ಈ ವಾರ ಯಾರಿಗೆ ಕಷ್ಟ ಆಯ್ತು, ಕೈ ಎತ್ತಿ" ಎನ್ನುತ್ತಿದ್ದ. ಕೈ ಎತ್ತಿದವರಿಗೆ ಅವರು ಕೇಳಿದ ಹಾಡು. ಗಂಟಲು ಬಿಟ್ಟು ಜೊತೆಗೆ ಹಾಡಿದರೆ ಅಲ್ಲಿ ಯಾರೂ ಶ್ ಎನ್ನುವುದಿಲ್ಲ. ನಿವೃತ್ತ ನರ್ಸೊಬ್ಬಳು ಕುರ್ಚಿಯನ್ನೇ ಜೋಡಿ ಮಾಡಿಕೊಂಡು ಕುಣಿಯುತ್ತಿದ್ದಳು. ಆ ಹಾಲಿನಲ್ಲಿ ಅಸಲಿ ಎಂದೂ ಮುದುಕನಾಗುತ್ತಿರಲಿಲ್ಲ, ಆದ್ದರಿಂದ ಕೇಳುವವರಿಗೂ ವಯಸ್ಸಾಗುತ್ತಿರಲಿಲ್ಲ. ಸುಳ್ಳು ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಸೇರಿ ಒಪ್ಪಿಕೊಂಡು, ಎಲ್ಲರೂ ಸೇರಿ ಸಾಕಿದ ಸುಳ್ಳು ಅದು. ಮೆಟ್ಟಿಲು ಹತ್ತುತ್ತಿದ್ದಂತೆ, "ಬಂದ್ರು ನಮ್ಮ ಕನ್ನಡಕದಕ್ಕ" ಎಂದು ಜೂನಿಯರ್ ಮೈಕಿನಲ್ಲೇ ಕೂಗುತ್ತಿದ್ದ. ಮುಂದಿನ ಸಾಲಿನ ಫ್ಯಾನಿನ ಕೆಳಗಿನ ಕುರ್ಚಿ ಅವಳದು. ಈ ಭೂಮಿಯ ಮೇಲೆ ಅವಳು ತುದಿಯಲ್ಲಿ ಕೂರದೆ ಪೂರ್ತಿ ಕೂರುತ್ತಿದ್ದ ಕುರ್ಚಿ ಅದೊಂದೇ.

ಇಷ್ಟು ಖುಷಿ ಕೊಡುವುದನ್ನು ತಂಗಿಗೆ ಹೇಳಬಾರದೇಕೆ? ಒಮ್ಮೆ ಇಬ್ಬರೂ ಹೋಗುವಾಗ ಗೋಡೆಯ ಮೇಲೆ ಜೂನಿಯರನ ಪೋಸ್ಟರು ಕಂಡು ತಂಗಿ ನಕ್ಕಿದ್ದಳು. "ಅಯ್ಯೋ ನೋಡೇ ಅಕ್ಕ, ಇದಕ್ಕೂ ಜನ ಹೋಗ್ತಾರಾ?" ಅಕ್ಕ, "ಯಾರಿಗ್ ಗೊತ್ತಮ್ಮ" ಎಂದು ಮುಂದೆ ನಡೆದಿದ್ದಳು. ಸ್ಟಾಕಿನ ಸುಳ್ಳು ಅಲ್ಲಿಂದ ಶುರುವಾದದ್ದು.

ಹೀಗಿರುವಾಗ ಅಸಲಿಯೇ ಊರಿಗೆ ಬರುತ್ತಾನೆಂದು ಸುದ್ದಿಯಾಯಿತು. ಅಕ್ಕ ಕೆಲಸ ಮಾಡುವಾಗ ಅಸಲಿಯ ಹಾಡು ಗುನುಗುವುದು ತಂಗಿಗೆ ಗೊತ್ತಿತ್ತು. ಓಡಾಡಿ, ಯಾರ್ಯಾರನ್ನೋ ಹಿಡಿದು, ಮುಂದಿನ ಸಾಲಿನ ಟಿಕೆಟ್ ತಂದು ಅಕ್ಕನ ಕೈಯಲ್ಲಿಟ್ಟಳು. "ಜೀವನ ಪೂರ್ತಿ ನನಗೋಸ್ಕರ ದುಡಿದೆ. ಒಂದು ಸಲ ನಿನಗೋಸ್ಕರ ಬಾ." ಅಕ್ಕನ ಕಣ್ಣು ತುಂಬಿತು. ಅದು ನಾಟಕವಲ್ಲ.

ಬಯಲಿನಲ್ಲಿ ಜನಸಾಗರ. ತಂಗಿಯ ಜೊತೆ ಅವಳ ಕಾಲೇಜಿನ ಇಬ್ಬರು ಮೇಡಂಗಳೂ ಇದ್ದರು. ಮುಂದಿನ ಸಾಲೇ ಆದರೂ ವೇದಿಕೆ ಎಷ್ಟು ಎತ್ತರವೆಂದರೆ ಅಸಲಿಯ ಮೊಣಕಾಲಿನಿಂದ ಮೇಲಷ್ಟೇ ಕಾಣುತ್ತಿತ್ತು. ಮುಖ ಸರಿಯಾಗಿ ಕಾಣಬೇಕೆಂದರೆ ಪರದೆಯಲ್ಲೇ ನೋಡಬೇಕು. ಮುದುಕನಾಗಿದ್ದ. ಮೇಲಿನ ಸ್ವರ ಬಂದಾಗಲೆಲ್ಲ ಹಿಂದೆ ನಿಂತ ಹುಡುಗಿಯರ ಕಡೆ ಕೈ ತೋರಿಸಿ ತಾನು ಸುಮ್ಮನಾಗುತ್ತಿದ್ದ. ಅಕ್ಕನಿಗೆ ಬಹಳ ಇಷ್ಟವಾದ ಹಾಡನ್ನು ಅಸಲಿ ಬೇರೆಯೇ ಧಾಟಿಯಲ್ಲಿ ಎತ್ತಿಕೊಂಡ. ಕನ್ನಡಕದಕ್ಕನ ಬಾಯಿಂದ ತಾನಾಗಿಯೇ, "ಅಯ್ಯೋ, ತಪ್ಪು ಹಾಡ್ತಿದಾನೆ!" ಎಂದು ಬಂತು. ಪಕ್ಕದವರು ತಿರುಗಿ ನೋಡಿದರು. ತಂಗಿ ಮೊಣಕೈಯಲ್ಲಿ ತಿವಿದು, "ಅವರ ಹಾಡು ಅವರೇ ತಪ್ಪು ಹಾಡ್ತಾರೇನೇ?" ಎಂದು ನಕ್ಕಳು. ಅಕ್ಕನಿಗೆ ಕಿವಿಯೆಲ್ಲ ಬಿಸಿಯಾಯಿತು. ಇಷ್ಟು ಆಸೆಯಿಂದ ಕೊಡಿಸಿದ ಉಡುಗೊರೆಯ ನಡುವೆ ಕೂತು ಟಯರ್ ಅಂಗಡಿ ನೆನಪಾಗುತ್ತಿದೆಯಲ್ಲ ಎಂದು ತನ್ನ ಮೇಲೆಯೇ ಹೇಸಿಕೆಯಾಯಿತು.

ವಿರಾಮದಲ್ಲಿ ನಾಲ್ವರೂ ಟೀ ಕುಡಿಯಲು ಎದ್ದರು. ಟೀ ಕೌಂಟರಿನ ಹತ್ತಿರ ಗಲಾಟೆ, ನಗು, ಕೇಕೆ. ಹುಡುಗರು ಯಾರನ್ನೋ ಸುತ್ತುಗಟ್ಟಿ ಫೋಟೋ ತೆಗೆಯುತ್ತಿದ್ದರು. ಜನ ಸ್ವಲ್ಪ ಸರಿದಾಗ ನೋಡಿದರೆ ಜೂನಿಯರ್. ಅದೇ ವಿಗ್, ಅದೇ ನೀಲಿ ಕೋಟು. ತನ್ನ ದೇವರ ದರ್ಶನಕ್ಕೆ ತನ್ನ ಅತ್ಯಂತ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದ, ಅಷ್ಟೇ. ಪಕ್ಕದಲ್ಲಿ ಹೆಂಡತಿ ಕೈಚೀಲ ಅವುಚಿಕೊಂಡು ನಿಂತಿದ್ದಳು. ಹುಡುಗನೊಬ್ಬ ವಿಗ್ ಎಳೆದು ನೋಡುತ್ತಿದ್ದರೂ ಜೂನಿಯರ್ ಒಳ್ಳೆಯ ಮಾತಿನಲ್ಲೇ, "ಬೇಡಪ್ಪಾ, ಬೇಡಪ್ಪಾ" ಎನ್ನುತ್ತಿದ್ದ. ಅಷ್ಟರಲ್ಲಿ ಅವನ ಕಣ್ಣಿಗೆ ಕನ್ನಡಕದಕ್ಕ ಬಿದ್ದಳು. ನೀರಿನಲ್ಲಿ ಮುಳುಗುತ್ತಿದ್ದವನಿಗೆ ದಡ ಕಂಡ ಹಾಗೆ ಅವನ ಮುಖ ಅರಳಿತು.

"ಅಕ್ಕಾ! ನೀವೂ ಬಂದಿದೀರಾ!" ಎಂದು ಎರಡೂ ಕೈ ಚಾಚಿ ಬಂದೇಬಿಟ್ಟ.

ಮೇಡಂಗಳು ತಿರುಗಿದರು. ತಂಗಿ ತಿರುಗಿದಳು. "ಯಾರೇ ಅಕ್ಕ ಇದು?"

ಹಾಲಿನಲ್ಲಿ ಅವನನ್ನು ನೀನು ಎಂದೇ ಮಾತನಾಡಿಸುತ್ತಿದ್ದ ಕನ್ನಡಕದಕ್ಕ, ಈಗ ಅಂಗಡಿಯಲ್ಲಿ ಹೊಸ ಗಿರಾಕಿಯೊಡನೆ ಮಾತನಾಡುವ ದನಿಯಲ್ಲಿ, "ನೀವು ಬೇರೆ ಯಾರನ್ನೋ ಅಂದ್ಕೊಂಡು ಮಾತಾಡಿಸ್ತಿದೀರಿ. ನನಗೆ ನಿಮ್ಮ ಪರಿಚಯ ಇಲ್ಲ" ಎಂದಳು.

ಚಾಚಿದ ಕೈ ಹಾಗೆಯೇ ನಿಂತಿತು. ಅವನು ಅವಳನ್ನು ಒಮ್ಮೆ ನೋಡಿದ, ತಂಗಿಯ ರೇಷ್ಮೆ ಸೀರೆಯನ್ನು ಒಮ್ಮೆ ನೋಡಿದ. "ಸಾರಿ ಮೇಡಂ" ಎಂದು ಹಿಂದೆ ಸರಿದ. ಹುಡುಗರು ಹೋ ಎಂದು ಕೂಗಿದರು. ಮೇಡಂ ಒಬ್ಬಳು, "ಪಾಪ, ತಲೆ ಕೆಟ್ಟಿದೆ ಅನ್ಸುತ್ತೆ" ಎಂದಳು. ತಂಗಿ ನಕ್ಕಳು. ಕನ್ನಡಕದಕ್ಕನೂ ನಕ್ಕಳು. ಪರಿಚಯವಿಲ್ಲ ಎಂದದ್ದಕ್ಕೆ ಭಯವನ್ನಾದರೂ ನೆಪ ಹೇಳಬಹುದು. ಆ ನಗುವಿಗೆ ಏನು ನೆಪ? ಯಾರೂ ಕೇಳಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ, ಸುಮ್ಮನೆ ಹಲ್ಲು ಕಿರಿದಳು.

ಮುಂದಿನ ಭಾನುವಾರ ಅವಳು ನಿಜವಾಗಿಯೂ ಅಂಗಡಿಯಲ್ಲಿ ಕೂತು ಸ್ಟಾಕ್ ನೋಡಿದಳು. ಒಂದೇ ಫ್ರೇಮನ್ನು ಒರೆಸಿ ಒರೆಸಿ ಇಟ್ಟಳು. ಗಿರಾಕಿಗಳ ಮುಖಕ್ಕೆ ಮುಖ ಕೊಟ್ಟು ಅಳತೆ ತೆಗೆಯುವುದೇ ಕಷ್ಟವಾಯಿತು. ರಾತ್ರಿ ನಿದ್ದೆಯಿಲ್ಲ, ತಿಂದದ್ದು ಮೈಗೆ ಹತ್ತಲಿಲ್ಲ. ತನ್ನಂಥ ನೀಚಳು ಇನ್ನೊಬ್ಬಳಿಲ್ಲ ಎನ್ನಿಸುತ್ತಿತ್ತು. ನನ್ನನ್ನು ಕೇಳಿದರೆ, ಅಷ್ಟೇನೂ ಅಪರೂಪದ ಜಾತಿಯಲ್ಲ ಅವಳದು. ಆದರೆ ಆ ಮಾತಿನಿಂದ ಯಾರಿಗೂ ಸಮಾಧಾನವಾಗುವುದಿಲ್ಲ.

ಅದರ ಮುಂದಿನ ವಾರ, ಹೋಗಿ ಕಾಲಿಗಾದರೂ ಬೀಳುತ್ತೇನೆ ಎಂದು ಹೊರಟಳು. ಮೆಟ್ಟಿಲ ತುದಿಯಲ್ಲಿ ಜೂನಿಯರನ ಹೆಂಡತಿ ಟಿಕೆಟ್ ಹರಿದು ಕೊಟ್ಟಳು. ತಲೆ ಎತ್ತಲಿಲ್ಲ, ಬನ್ನಿ ಎನ್ನಲಿಲ್ಲ. ಕನ್ನಡಕದಕ್ಕ ಹಿಂದಿನ ಸಾಲಿನಲ್ಲಿ ಮುದುರಿಕೊಂಡು ಕೂತಳು. ಆದರೆ ಜೂನಿಯರನ ಕಣ್ಣು ಬಿಡಬೇಕಲ್ಲ.

"ಬಂದ್ರು ನಮ್ಮ ಕನ್ನಡಕದಕ್ಕ!" ಮೈಕು ಗುಂಯ್ ಎಂದಿತು. "ಒಂದು ತಮಾಷೆ ಕೇಳಿ. ಮೊನ್ನೆ ಅಸಲಿ ಪ್ರೋಗ್ರಾಮಲ್ಲಿ ಥೇಟ್ ನಮ್ಮಕ್ಕನ ಥರ ಒಬ್ರು ಇದ್ರು. ನಾನು ಅಕ್ಕಾ ಅಂತ ಹೋದ್ರೆ, ನೀವ್ಯಾರು ಅನ್ನೋದಾ! ಮರ್ಯಾದೆ ಮೂರಾಬಟ್ಟೆ ಆಯ್ತು. ಆಮೇಲೆ ಹೊಳೀತು, ಅಸಲಿಗೆ ನಾನು ಜೂನಿಯರ್ ಆದ್ರೆ, ನಮ್ಮಕ್ಕಂಗೂ ಒಬ್ರು ಜೂನಿಯರ್ ಇರಬಾರ್ದಾ? ಆದ್ರೆ ಒಂದ್ ಹೇಳ್ತೀನಿ, ಆ ಡೂಪು ಸುಮಾರು. ಅಸಲಿ ಅಕ್ಕ ಇಲ್ಲೇ ಇದಾರೆ. ಅಕ್ಕ, ಎದ್ದು ನಿಂತ್ಕೊಳ್ಳಿ!"

ಹಾಲಿಡೀ ಚಪ್ಪಾಳೆ ತಟ್ಟಿತು. ನರ್ಸು ಸಿಳ್ಳೆ ಹಾಕಿದಳು. ಕನ್ನಡಕದಕ್ಕ ಎದ್ದು ನಿಂತು ಕೈ ಮುಗಿದಳು. ಭೂಮಿ ಬಾಯಿ ಬಿಡಲಿಲ್ಲ. ಕೆಳಗೆ ಟಯರ್ ಅಂಗಡಿಯವರು ಚಕ್ರ ಬಿಚ್ಚುತ್ತಲೇ ಇದ್ದರು.

ವಿರಾಮದಲ್ಲಿ ಅವಳು ವೇದಿಕೆಯ ಪಕ್ಕಕ್ಕೆ ಹೋದಳು. ಜೂನಿಯರ್ ರಟ್ಟಿನಿಂದ ಕುತ್ತಿಗೆಗೆ ಗಾಳಿ ಹಾಕಿಕೊಳ್ಳುತ್ತ ಕೂತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ.

"ನೀವು ಬಂದಿದ್ದು ದೊಡ್ಡ ಉಪಕಾರ ಆಯ್ತಕ್ಕ. ನಮ್ಮನೇಲಿ ರಾಮಾಯಣ. ಅದು ಕನ್ನಡಕದಕ್ಕನೇ, ಬೇಕೂಂತಲೇ ಹಾಗಂದ್ರು ಅಂತ ಇವಳದು ಒಂದೇ ಹಟ. ನಮ್ಮಕ್ಕ ಅಂಥವರಲ್ಲ ಅಂತ ನಾನು ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ನಿನ್ನ ಮನಸ್ಸೇ ಕೊಳಕು ಅಂದೆ. ಅವತ್ತಿಂದ ಮಾತಿಲ್ಲ, ಕತೆಯಿಲ್ಲ." ಬಾಗಿಲಿನ ಕಡೆ ಕೈ ಬೀಸಿದ. "ಬಾರೇ ಇಲ್ಲಿ! ಅಕ್ಕನ್ನೇ ಕೇಳು. ಅಕ್ಕ, ಅದು ನಾನಲ್ಲ ಅಂತ ನೀವೇ ಒಂದು ಮಾತು ಹೇಳಿ ಇವಳಿಗೆ."

ಹೆಂಡತಿ ಬಂದು ನಿಂತಳು. ಈಗ ತಲೆ ಎತ್ತಿ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಏನು ಹೇಳುತ್ತೀಯೋ ಹೇಳು ಎಂಬಂತಿತ್ತು. ಒಂದೇ ಒಂದು ಮಾತು. ಹೇಳಿದರೆ ಫ್ಯಾನಿನ ಕೆಳಗಿನ ಕುರ್ಚಿ, ಮೈಕಿನ ಕೂಗು, ಭಾನುವಾರ ಎಲ್ಲವೂ ಉಳಿಯುತ್ತದೆ. ಕೊಳಕು ಮನಸ್ಸಿನವಳು ಎಂಬ ಹೆಸರು ಮಾತ್ರ ಈ ಹೆಂಗಸಿನ ತಲೆಯ ಮೇಲೆ ಉಳಿಯುತ್ತದೆ.

"ನಾನೇ" ಎಂದಳು. "ಅಲ್ಲಿದ್ದದ್ದು ನಾನೇ ಕಣಪ್ಪ. ನನ್ನ ತಂಗಿ ಇದ್ಲು, ನಾಚಿಕೆ ಆಯ್ತು, ಗೊತ್ತಿಲ್ಲ ಅಂದುಬಿಟ್ಟೆ. ಇವಳು ಹೇಳಿದ್ದೇ ನಿಜ."

ಜೂನಿಯರನ ಕೈಯ ರಟ್ಟು ನಿಂತಿತು. ಅವನ ಮುಖ ಇಳಿದುಹೋದದ್ದನ್ನು ಹೆಂಡತಿ ನೋಡಿದಳು. ಗೆದ್ದವಳು ಅವಳು, ಬೀಗಬಹುದಿತ್ತು. ಅದರ ಬದಲು ಗಂಡನ ಹತ್ತಿರ ಸರಿದು ಕೋಟಿನ ಕಾಲರು ಸರಿಮಾಡತೊಡಗಿದಳು.

"ಹೋಗ್ಲಿ ಬಿಡ್ರೀ" ಎಂದಳು ಅವಳು. "ಎಲ್ಲೋ ಬೇರೆ ಕಡೆ, ಅಷ್ಟು ಜನ. ಅದರ ಮೇಲೆ ನೀವು ವಿಗ್ ಹಾಕ್ಕೊಂಡಿದ್ರಿ. ಅವರಿಗೂ ತಟ್ಟನೆ ಗುರುತು ಸಿಕ್ಕಿರಲ್ಲ."

ಜೂನಿಯರ್ ಮೆಲ್ಲಗೆ ಹೇಳಿದ, "ವಿಗ್ ಇಲ್ದೆ ಅವರು ನನ್ನನ್ನ ನೋಡೇ ಇಲ್ವಲ್ಲೇ."

ಡ್ರಮ್ಮಿನವನು ಕರೆದ. ಜೂನಿಯರ್ ಎದ್ದು ಹೋದ. ಹೆಂಡತಿ ಬಾಗಿಲ ಕಡೆ ತಿರುಗುತ್ತ, "ಶುರುವಾಗುತ್ತೆ, ಹೋಗಿ ಕೂತ್ಕೊಳ್ಳಿ" ಎಂದಳು, ಬಂದವರೆಲ್ಲರಿಗೂ ಹೇಳುವ ಹಾಗೆ. ಕನ್ನಡಕದಕ್ಕ ಹೋಗಿ ಕೂತಳು. ಎದ್ದು ಓಡಿಹೋಗುವುದು ಸುಲಭವಿತ್ತು, ಆ ಸುಲಭವೂ ತನಗೆ ದಕ್ಕಬಾರದು ಎನ್ನಿಸಿತು. ಅವನು ಅವತ್ತು ಚೆನ್ನಾಗಿಯೇ ಹಾಡಿದ, ಎಲ್ಲರೂ ಜೊತೆಗೆ ಹಾಡಿದರು. ಅವಳಿಗೆ ತಲೆ ಎತ್ತಿ ವೇದಿಕೆ ನೋಡಲಾಗಲಿಲ್ಲ.