ಗೂಟಕ್ಕೆ ಕಟ್ಟಿದ ಕೆಂಪು ದಾರ

ನಮ್ಮ ಮೇಡಂ ಅವರ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಅವರು ತಲೆ ಕೊಡವಿದಾಗ ಆ ಎರಡು ತುಂಡೂ ಬೇರೆ ಬೇರೆಯಾಗಿ ಅಲ್ಲಾಡುತ್ತಿದ್ದವು. ಗಂಡ ಓಲೆ ಹಿಡಿದು ಎಳೆದು ಹರಿದನೆಂದೂ, ಅದಕ್ಕೇ ಅವನನ್ನು ಬಿಟ್ಟು ಬಂದರೆಂದೂ ಕಾಲೇಜಿನ ಹುಡುಗರು ಕತೆ ಕಟ್ಟಿದ್ದರು. ಮೇಡಂ ಮದುವೆಯನ್ನೇ ಆಗಿರಲಿಲ್ಲ. ಜೋಗಿಮಟ್ಟಿ ಗುಡ್ಡದ ಇಳಿಜಾರಿನಲ್ಲಿ ಮುಳ್ಳಿನ ಪೊದೆಯೊಳಗೆ ನುಗ್ಗಿ ಒಂದು ಬಳ್ಳಿಯನ್ನು ಎಳೆಯುವಾಗ ಓಲೆ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಳ್ಳುವಷ್ಟು ತಾಳ್ಮೆ ಅವರಿಗೆಲ್ಲಿತ್ತು? ತಲೆಯನ್ನೇ ಜಗ್ಗಿ ಎಳೆದುಕೊಂಡಿದ್ದರು. ರಕ್ತ ಕುತ್ತಿಗೆಗಿಳಿಯುತ್ತಿದ್ದರೂ ಬಳ್ಳಿಯನ್ನು ಮಾತ್ರ ಬಿಟ್ಟಿರಲಿಲ್ಲವಂತೆ. ಇನ್ನೊಂದು ಕಿವಿಯ ಓಲೆಯನ್ನೂ ಅವತ್ತೇ ಬಿಚ್ಚಿ ಎಸೆದರು.

ಎಪ್ಪತ್ತರ ದಶಕದಲ್ಲಿ ದುರ್ಗದ ಕಾಲೇಜೊಂದರಲ್ಲಿ ಅವರು ಸಸ್ಯಶಾಸ್ತ್ರದ ಮುಖ್ಯಸ್ಥೆ, ನಾನು ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರ್. ಮೀಸೆ ಬಂದು, ಮದುವೆಯಾಗಿ, ಮಗುವಿನ ತಂದೆಯೂ ಆಗಿದ್ದ ನನ್ನನ್ನು ವಿದ್ಯಾರ್ಥಿಗಳ ಎದುರಿಗೇ 'ಲೇ ದಡ್ಡ' ಎಂದು ಕರೆಯುತ್ತಿದ್ದರು. ಹೊಳಲ್ಕೆರೆ ಕಡೆಯ ಬಿ.ದುರ್ಗವೆಂಬ ಹಳ್ಳಿಯ ಬೇಸಾಯದ ಮನೆಯಲ್ಲಿ ಹುಟ್ಟಿದವರು. ಎಷ್ಟು ಓದಿದರೂ ಅವರ ಬಾಯಿ ಮೆತ್ತಗಾಗಿರಲಿಲ್ಲ. ಗುಡ್ಡಕ್ಕೆ ಹೊರಟರೆ ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲ ಚೀಲದಲ್ಲಿ ಒಂದು ಪುಟ್ಟ ಗುದ್ದಲಿ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಒಮ್ಮೆ ಪ್ರಿನ್ಸಿಪಾಲರ ಮೇಜಿನ ಮೇಲಿದ್ದ ಹೂದಾನಿಯೇ ಕಿಟಕಿಯಾಚೆ ಹೋಯಿತು. ಅದರಲ್ಲಿ ಪ್ಲಾಸ್ಟಿಕ್ ಹೂಗಳಿದ್ದವು ಎಂಬುದಷ್ಟೇ ಅದರ ತಪ್ಪು.

ಹಾಲುರಾಮೇಶ್ವರಕ್ಕೆ ಒಮ್ಮೆ ಹೋಗಿದ್ದೆವು. ಯಾತ್ರೆಗೆ ಬಂದ ಯುವಕನೊಬ್ಬ ಗುಡಿಯ ಹಿಂದಿನ ಮರಕ್ಕೆ ಚಾಕು ಹಾಕಿ ತನ್ನ ಹೆಸರು ಕೆತ್ತುತ್ತಿದ್ದ. ಮೇಡಂ ಸೀದಾ ಹೋಗಿ ಚಾಕು ಕಿತ್ತುಕೊಂಡು, ಅವನ ತೋಳನ್ನು ಅದೇ ಮರಕ್ಕೆ ಒತ್ತಿ ಹಿಡಿದರು. "ನಿನ್ನ ಮೈಮ್ಯಾಲೆ ನನ್ನ ಹೆಸರು ಕೆತ್ಲೇನಲೇ? ನಂದು ಉದ್ದ ಐತೆ ನೋಡು, ಮೊಣಕೈಗಂಟ ಬರ್ತೈತೆ" ಎಂದರು. ಚಾಕುವಿನ ಮೊನೆ ಅವನ ಚರ್ಮಕ್ಕೆ ತಾಗಿಯೇ ಇತ್ತು. ಅವನು ಅತ್ತುಬಿಟ್ಟ. ನಾನು ಮೇಡಂ ಕೈ ಹಿಡಿದು ಬಿಡಿಸಬೇಕಾಯಿತು. ಬಿಡಿಸಿದ್ದಕ್ಕೆ ನನಗೂ ಬೆನ್ನ ಮೇಲೊಂದು ಗುದ್ದು ಬಿತ್ತು.

ನನ್ನನ್ನು ಅವರು ಗುಡ್ಡಗಳಿಗೆ ಕರೆದೊಯ್ಯುತ್ತಿದ್ದದ್ದು ನನ್ನ ವಿದ್ಯೆ ನೋಡಿಯಲ್ಲ. ಕುರಿ ಕಾಯುವವರ ಮನೆಯವನು, ಏರು ಹತ್ತಿದರೆ ಏದುಸಿರು ಬಿಡುವುದಿಲ್ಲ, ಅಷ್ಟಕ್ಕೇ. ಹಾಗೆ ಒಂದು ವರ್ಷ ಮಳೆಗಾಲದ ಕೊನೆಯಲ್ಲಿ ಹಿರಿಯೂರಿನ ಕಡೆ, ಹರಿಯಬ್ಬೆ ದಾಟಿ, ನನ್ನ ಸೋದರಮಾವನ ಹಟ್ಟಿಯ ಹಿಂದಿನ ಕಲ್ಲುಗುಡ್ಡವನ್ನು, ಹಟ್ಟಿಯೊಳಗೆ ಹೋಗದೆ ನೇರವಾಗಿ ಹತ್ತಿದೆವು. ಅಲ್ಲಿ ಒಂದು ದೇವರ ಕಲ್ಲಿದೆ. ಅದರ ಕೆಳಗಿನ ಇಳಿಜಾರಿನಲ್ಲಿ ಗೇಣುದ್ದದ ಗಿಡವೊಂದು ಮೇಡಂ ಕಣ್ಣಿಗೆ ಬಿತ್ತು. ಸಪೂರ ಎಲೆ, ಮುರಿದರೆ ಹಾಲು, ಕೊಂಬಿನಂಥ ಜೋಡಿ ಕಾಯಿ. ಅಗೆದರೆ ಬುಡದಲ್ಲಿ ಚಪ್ಪಟೆ ಗೆಡ್ಡೆ. ಮೇಡಂ ಮಂಡಿಯೂರಿ ಕುಳಿತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಯಾವ ಪುಸ್ತಕದಾಗೂ ಇಲ್ಲ" ಎಂದರು ಕೊನೆಗೆ.

ನನಗೆ ನಗು ಬಂತು. "ಮೇಡಂ, ಕುರಿ ಹಿಂದೆ ಹೋದಾಗ ಇದನ್ನ ಎಷ್ಟು ಕಿತ್ತು ತಿಂದಿದೀವೋ!" ಎಂದೆ.

"ತಿಂದೀಯ. ನೋಡೀಯೇನು? ಹೂವು ಯಾವ ಬಣ್ಣ ಹೇಳು" ಎಂದರು. ನನಗೆ ಗೊತ್ತಿರಲಿಲ್ಲ.

ಹೂವು ಸಿಗದೆ, ಅದರ ಚಿತ್ರ ಬರೆಯದೆ, ಅದು ಹೊಸ ಗಿಡವೆಂದು ಯಾರೂ ಒಪ್ಪುವುದಿಲ್ಲ. ಬೇಸಿಗೆಗೆ ಗಿಡ ಒಣಗಿ ಉದುರುತ್ತದೆ. ಮಣ್ಣೊಳಗೆ ಗೆಡ್ಡೆ ಮಾತ್ರ ಉಳಿಯುತ್ತದೆ. ಮೊದಲ ಮಳೆಗೆ ಎಲೆಗಿಂತ ಮುಂಚೆಯೇ ಹೂ ಬಂದು ಹೋಗಬಹುದೆಂದು ಮೇಡಂ ಊಹಿಸಿದರು. ಆಗ ಜಾಗ ಗುರುತು ಸಿಗಬೇಕಲ್ಲ? ಪ್ರತಿ ಗೆಡ್ಡೆಯ ಪಕ್ಕ ಒಂದೊಂದು ಸಣ್ಣ ಗೂಟ ಹೊಡೆದು, ದೂರಕ್ಕೆ ಕಾಣಲೆಂದು ಅದಕ್ಕೆ ಕೆಂಪು ದಾರ ಸುತ್ತಿದೆವು. ಬಾಯಾರಿಕೆಗೆ ನಿಂಬೆಹಣ್ಣು ಹೆಚ್ಚಿ, ಉಪ್ಪು ಸವರಿ ಚೀಪಿ, ಹೋಳುಗಳನ್ನು ಅಲ್ಲೇ ಬಿಸಾಡಿ ಬಂದೆವು.

ದುರ್ಗದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಪಾಳೆಯಗಾರರ ಕಾಲದ ಹೊನ್ನು ದೇವರ ಕಲ್ಲುಗಳ ಬುಡದಲ್ಲಿ ಹೂತಿದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ನಿಧಿಗಳ್ಳರು ಮೊದಲು ಬಂದು ಸುತ್ತ ಗೂಟ ಹೊಡೆದು, ಕೆಂಪು ದಾರ ಕಟ್ಟಿ, ನಿಂಬೆಹಣ್ಣು ಕೊಯ್ದು, ಕಾವಲಿನ ಭೂತವನ್ನು ಕಟ್ಟಿಹಾಕಿ ಹೋಗುತ್ತಾರೆ. ಆಮೇಲೆ ಅಗೆಯಲು ಬಂದಾಗ ಅದಕ್ಕೆ ಮನುಷ್ಯರ ರಕ್ತ ಕೊಡುತ್ತಾರೆ, ಅದರಲ್ಲೂ ಎಳೆಮಕ್ಕಳದು. ನಾವು ಮಾಡಿಟ್ಟು ಬಂದದ್ದು ಹೆಚ್ಚುಕಡಿಮೆ ಇದೇ. ಆ ನೆಲದಲ್ಲೇ ಆಡಿ ಬೆಳೆದ ನನಗೂ ಅದು ಹೊಳೆಯಲಿಲ್ಲ, ಓದು ಅಷ್ಟು ತಲೆಗೇರಿತ್ತು. ಇಡೀ ಬೇಸಿಗೆ ಹಟ್ಟಿಯವರು ಮಕ್ಕಳನ್ನು ಗುಡ್ಡದ ಕಡೆ ಬಿಡದೆ, ಗೂಟ ಹೊಡೆದವರು ಬರಲಿ ಎಂದು ಕಾದಿದ್ದರು.

ಏಪ್ರಿಲ್ ಕೊನೆಗೆ ಭರಣಿ ಮಳೆ ಬಿದ್ದ ಮರುವಾರ ನಾವು ಹೋದೆವು. ಗೂಟದ ಪಕ್ಕದಲ್ಲೆಲ್ಲ ಹೂವು! ಉಗುರಿನಷ್ಟು ದೊಡ್ಡದು, ಹೆಪ್ಪುಗಟ್ಟಿದ ರಕ್ತದ ಬಣ್ಣ, ಮೈತುಂಬ ನವಿರು, ಮೂಗಿಟ್ಟರೆ ಕೊಳೆತ ಮಾಂಸದ ನಾತ. "ನಾರ್ತೈತೆ ಕಣೋ! ಎಷ್ಟ್ ಚೆಂದ ನಾರ್ತೈತೆ!" ಎಂದು ಮೇಡಂ ಕೂಗಿದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಂದಿಷ್ಟು ಗಿಡಗಳನ್ನು ಗೆಡ್ಡೆ ಸಮೇತ ತೆಗೆದು ಕಾಗದದ ನಡುವೆ ಹರಡಿ, ಒಣಗಲೆಂದು ಹಲಗೆ ಬಿಗಿದೆವು. ಒಣಗಿದರೆ ಹೂವಿನ ಆಕಾರ ಹೋಗುತ್ತದೆ. ಚಿತ್ರವನ್ನು ಅಲ್ಲೇ, ಹಸಿಯಾಗಿರುವಾಗಲೇ ಬರೆಯಬೇಕು. ಮೇಡಂ ಪೆನ್ಸಿಲ್ ತೆಗೆದರು. ಅವರು ಬರೆದ ಗೆರೆ ನೋಡಲು ಬೇರೆ ಊರಿನ ಪ್ರೊಫೆಸರುಗಳು ಬರುತ್ತಿದ್ದರು.

ಅಷ್ಟರಲ್ಲಿ ಮೇಲಿನಿಂದ ಕಲ್ಲುಗಳು ಉರುಳಿದವು. ಹಟ್ಟಿಯ ಗಂಡಸರು ಇಳಿದು ಬರುತ್ತಿದ್ದರು, ಕೈಯಲ್ಲಿ ಕೋಲು, ಕುಡುಗೋಲು. ಎಲ್ಲರ ಮುಂದೆ ಕೊಡಲಿ ಹಿಡಿದ ನನ್ನ ಸೋದರಮಾವ. ನಾನು ಬಾಯಿ ತೆರೆಯುವ ಮುಂಚೆ ಒಬ್ಬ ತರುಣ ಗೂಟವನ್ನು ಒದ್ದ. ಹೂವು ಅವನ ಮೆಟ್ಟಿನಡಿ ಅರೆದುಹೋಯಿತು. ಮೇಡಂ ಎದ್ದು ಅವನ ಕಪಾಳಕ್ಕೆ ಬಾರಿಸಿದರು. "ಕಣ್ಣು ಬೆನ್ನಾಗ್ ಇಟ್ಕಂಡೀಯೇನಲೇ?"

ಅಲ್ಲಿಗೆ ಮುಗಿಯಿತು. ಕೋಲುಗಳು ಬಿದ್ದವು. ಯಾರೋ ಮೇಡಂ ಜಡೆ ಹಿಡಿದು ಎಳೆದರು. ಅವರು ಆ ಕೈಯನ್ನು ಕಚ್ಚಿ ಹಿಡಿದರು, ಬಿಡಿಸಲು ಇಬ್ಬರು ಬೇಕಾದರು. ನನ್ನ ಪಕ್ಕೆಗೆ ಒದೆತ ಬಿದ್ದು ಉಸಿರು ನಿಂತಿತು. "ಮಾವ, ನಾನು, ನಾನು!" ಎಂದು ಕಿರುಚಿದೆ. ಗುರುತು ಹಿಡಿದದ್ದೇ ಹೆಚ್ಚು ಕೆಟ್ಟದಾಯಿತು. "ಮನೆ ಮಗ ಆಗಿ ಕಳ್ರಿಗೆ ದಾರಿ ತೋರ್ಸ್ತೀಯೇನಲೇ? ಯಾರ್ ಮಗೀನ ರಕ್ತ ಕೊಡಾಕೆ ಬಂದಿದೀಯ?" ಎಂದು ಮಾವ ಕೊಡಲಿ ಎತ್ತಿದ. ನಾನು ಕಣ್ಣು ಮುಚ್ಚಿದೆ. ಎಲುಬು ಮುರಿದ ಸದ್ದು ಕೇಳಿತು. ನನ್ನದಲ್ಲ. ಕಣ್ಣು ತೆರೆದರೆ ಮೇಡಂ ನನಗೂ ಮಾವನಿಗೂ ನಡುವೆ ನಿಂತಿದ್ದರು. ಅವರ ಬಲಗೈ ಮುಂಗೈಯ ಹತ್ತಿರ ಜೋತು ಬಿದ್ದಿತ್ತು.

ಆಗಲೂ ಯಾರೂ ನಿಲ್ಲಲಿಲ್ಲ. ಮಾಟದ ಸಾಮಾನೆಂದು ಹಲಗೆಗೆ, ಕಾಗದಗಳಿಗೆ ಬೆಂಕಿಯಿಟ್ಟರು. ಮೇಡಂ ಎಡಗೈಯನ್ನು ಉರಿಯೊಳಗೆ ತೂರಿಸಿ ಹಾಳೆಯೊಂದನ್ನು ಎಳೆದರು. ಅದು ಹೊರಗೆ ಬರುವಷ್ಟರಲ್ಲಿ ಬೂದಿ. ಅಂಗೈ ಬೊಬ್ಬೆಯೆದ್ದಿತ್ತು. ಕೊನೆಗೆ ಒಬ್ಬ ನಮ್ಮ ಚೀಲವನ್ನು ತಲೆಕೆಳಗು ಮಾಡಿ ಸುರಿದ. ನಾಲ್ಕು ಗೆಡ್ಡೆ, ನಿಂಬೆಹಣ್ಣು, ದಾರದುಂಡೆ, ಬುತ್ತಿ. ಅಷ್ಟೇ. ಹಟ್ಟಿಯ ಮಕ್ಕಳು ದಿನಾ ಕಿತ್ತು ತಿನ್ನುವ ಗೆಡ್ಡೆಯನ್ನು ನೋಡುತ್ತ ಅವರೆಲ್ಲ ಕೋಲು ಕೆಳಗಿಳಿಸಿದರು. ಮಾವನ ಕೈಯಿಂದ ಕೊಡಲಿ ಜಾರಿತು. ಆ ದಿನ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಡಿಯಬೇಕೆನಿಸಿತ್ತು ನನಗೆ, ನನ್ನವರೆಂಬುದನ್ನೂ ಮರೆತು.

ಹಟ್ಟಿಯವರೇ ಗಾಡಿ ಕಟ್ಟಿ ನಮ್ಮನ್ನು ಹಿರಿಯೂರಿನ ಆಸ್ಪತ್ರೆಗೆ ತಂದರು. ಮೇಡಂ ಕೈಯ ಮೂಳೆಯೇನೋ ಕೂಡಿತು, ಆದರೆ ಬೆರಳುಗಳನ್ನು ಮಡಚಲಾಗಲಿಲ್ಲ. ಮಾವನ ಮೇಲೆ ಕೇಸು ಹಾಕಿ ಎಂದು ನಾನೇ ಹೇಳಿದೆ.

"ಕೇಸ್ ಹಾಕಿದ್ರೆ ಆ ಗುಡ್ಡಕ್ಕೆ ಕಾಲಿಡಾಕೆ ಬಿಡ್ತಾರೇನಲೇ? ನಿಮ್ಮಾವ ಜೈಲಿಗೆ ಹೋದ್ರೆ ನನಗೇನ್ ಬಂತು? ನನಗೆ ಹೂವು ಬೇಕು" ಎಂದರು.

ಕೈಗೆ ಪಟ್ಟಿ ಕಟ್ಟಿಕೊಂಡೇ ಹಟ್ಟಿಯ ನ್ಯಾಯದ ಕಟ್ಟೆಗೆ ಹೋಗಿ ಕುಳಿತರು. ದಂಡ ಎಷ್ಟೆಂದು ಹಿರಿಯರು ಕೇಳಿದರು. "ಬರೋ ಭರಣಿ ಮಳೆ ಬಿದ್ದಾಗ ಆ ಇಳಿಜಾರಿಗೆ ಒಂದ್ ಕುರೀನೂ ಹೋಗಬಾರ್ದು. ಹೂವು ಮುಗಿಯೋಗಂಟ" ಎಂದರು ಮೇಡಂ. ಬೇಸಿಗೆಯಿಡೀ ಒಣಗಿದ ಕುರಿಗಳಿಗೆ ಮೊದಲ ಹಸಿರು ಸಿಗುವುದು ಅದೇ ಇಳಿಜಾರಿನಲ್ಲಿ. ಕಟ್ಟೆಯ ಮೇಲೆ ಗದ್ದಲವೆದ್ದಿತು. ಮಾವ ಮಾತ್ರ ತಲೆ ಎತ್ತದೆ, "ಆಗ್ಲಿ ಬಿಡ್ರಿ" ಎಂದ. ಅವರಿಬ್ಬರೂ ಆಮೇಲೆ ಕಟ್ಟೆಯ ಮೂಲೆಯಲ್ಲಿ ಅದೇನೋ ಮಾತಾಡಿಕೊಂಡರು.

ಇನ್ನು ಚಿತ್ರ. "ನನ್ನ ಕೈ ನಿನ್ನ ತಲೆಗೆ ಹೋಯ್ತು. ಇನ್ಮ್ಯಾಲೆ ನಿನ್ನ ಕೈ ನಂದು" ಎಂದರು ಮೇಡಂ. ನನ್ನ ಪೆನ್ಸಿಲ್ ಹಿಡಿತ ನೇಗಿಲು ಹಿಡಿದಂತಿತ್ತು. ದಿನಾ ಕಾಲೇಜು ಬಿಟ್ಟ ಮೇಲೆ ಎಡಗೈಯಲ್ಲಿ ಮರದ ಸ್ಕೇಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಗೆರೆ ಸೊಟ್ಟಗಾದರೆ ಗೆಣ್ಣಿನ ಮೇಲೆ ಏಟು. ಬರೆದ ಹಾಳೆಯನ್ನು ಹರಿದು ನನ್ನ ಮುಖಕ್ಕೇ ಎಸೆಯುತ್ತಿದ್ದರು. "ಇದು ಎಲೆಯೇನಲೇ? ಎಮ್ಮೆ ನಾಲಿಗೆ ಇದ್ದಂಗೈತೆ!" ಒಂದು ಸಂಜೆ ಸಿಟ್ಟು ತಡೆಯದೆ ನಾನೂ ಸ್ಕೇಲು ಕಿತ್ತುಕೊಂಡು ಮುರಿದುಹಾಕಿದೆ. ಮೇಡಂ ಸುಮ್ಮನೆ ಬೀರು ತೆಗೆದು ಇನ್ನೊಂದು ಸ್ಕೇಲು ತಂದರು. ಅದು ಕಬ್ಬಿಣದ್ದು.

ಮರುವರ್ಷ ಮಳೆ ಬಿತ್ತು. ಇಳಿಜಾರಿನ ಬುಡದಲ್ಲಿ ಮಾವನೇ ಕಾವಲು ನಿಂತಿದ್ದ. ಕಣ್ತಪ್ಪಿಸಿ ಕುರಿ ಬಿಟ್ಟ ತನ್ನ ಸ್ವಂತ ತಮ್ಮನನ್ನು ಅಟ್ಟಾಡಿಸಿ ಹೊಡೆದು ಹಲ್ಲುದುರಿಸಿದ್ದ. ಹಟ್ಟಿಯಲ್ಲಿ ಆ ವಾರ ಕೆಲವು ಮರಿಗಳು ಹಾಲಿಲ್ಲದೆ ಸತ್ತವು. ಆದರೂ ಮಾವ ಕಾವಲು ಬಿಡಲಿಲ್ಲ. ನಾನು ಹೂವಿನೆದುರು ಬೋರಲು ಮಲಗಿ ಬರೆದೆ. ಬಿಸಿಲಿಗೆ ಹೂವು ಬಾಡದಂತೆ ಮಾವ ಕಂಬಳಿ ಎತ್ತಿ ನೆರಳು ಹಿಡಿದ. ಮೇಡಂ ತಲೆಯ ಹತ್ತಿರ ಕುಳಿತು ಬೈಯುತ್ತಲೇ ಇದ್ದರು.

ಆ ಗಿಡ ಹೊಸ ಜಾತಿಯೆಂದು ಸಸ್ಯಶಾಸ್ತ್ರದ ದೊಡ್ಡವರು ಒಪ್ಪಿದ ಸುದ್ದಿ ಬಂದ ದಿನ ಮೇಡಂ ಲ್ಯಾಬಿಗೆ ಬಂದವರೇ ನನ್ನ ಕೆನ್ನೆಗೆ ಫಟೀರನೆ ಬಿಟ್ಟರು. "ಗೆದ್ವಲ್ಲೋ ದಡ್ಡ!" ಎಂದರು. ಕಣ್ಣಲ್ಲಿ ನೀರಿತ್ತು. ಆ ಏಟಿನಷ್ಟು ಸಂತೋಷ ಕೊಟ್ಟದ್ದು ನನ್ನ ಬದುಕಿನಲ್ಲಿ ಬೇರೊಂದಿಲ್ಲ.

ದಶಕ ಮುಗಿಯುವ ಮುಂಚೆಯೇ ಮೇಡಂ ಹೋದರು. ಹೊಳಲ್ಕೆರೆ ರಸ್ತೆಯ ಪಕ್ಕ ಬಗ್ಗಿ ಏನೋ ಗಿಡ ನೋಡುತ್ತಿದ್ದವರ ಮೇಲೆ ಲಾರಿ ಹರಿಯಿತು. ಮುಖ ಗುರುತು ಸಿಗುವಂತಿರಲಿಲ್ಲ. ಬಿ.ದುರ್ಗದ ಅವರ ಹೊಲದಲ್ಲೇ ಮಣ್ಣು ಮಾಡಿದರು. ಹಿರಿಯೂರು ಕಡೆಯಿಂದ ಬಸ್ಸು ಬದಲಾಯಿಸಿ ಮಾವನೂ ಬಂದಿದ್ದ. ಎಲ್ಲರೂ ಹೋದ ಮೇಲೂ ಅವನು ಹಸಿಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತೇ ಇದ್ದ. ನಾನು ಹೋಗಿ ಎಬ್ಬಿಸಿದೆ.

"ಅಳಿಯ, ಅವತ್ತು ಕೊಡಲಿ ಹಿಂಬದೀಲಿ ಹೊಡೆಯೋನಿದ್ದೆ ಅಂತ ಎಲ್ರಿಗೂ ಹೇಳ್ಕಂಡು ಬಂದೆ" ಎಂದ ಮಾವ. "ಸುಳ್ಳು. ಬಾಯಿ ಮುಂದಾಗೇ ಬೀಸಿದ್ದೆ, ನಿನ್ನ ತಲೆಗೇ. ಈಯಮ್ಮ ಕೈ ಒಡ್ಡಿದ್ದು ಬಾಯಿಗೆ ಸಿಗ್ದೆ ಕೊಡಲಿ ಹಿಡಿಗೆ, ಕಾವಿಗೆ ತಗಲ್ತು. ಇಲ್ಲಾಂದ್ರೆ ಅಕ್ಕನ ಮುಂದೆ ನಿನ್ನ ಹೆಣ ಇಳಿಸ್ಬೇಕಾಗಿತ್ತು."

ನಾನು ಮಣ್ಣಿನ ಮೇಲೇ ಕುಳಿತೆ. "ಮೇಡಂಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ? ಕೊಡಲಿ ಬಾಯಿ ನೋಡೇ ಅಡ್ಡ ಬಂದಿದ್ದು. ದಂಡ ಕಟ್ಟಿದ ದಿನ ಕಟ್ಟೆ ಮ್ಯಾಲೆ ಕರೆದು ಹೇಳಿದ್ರು, 'ಅವನಿಗೆ ತಿಳೀಬಾರ್ದು. ಕೈ ನಡುಗಿದ್ರೆ ಗೆರೆ ಕೆಡ್ತೈತೆ' ಅಂತ."

ಮೇಡಂ ತೀರಿಕೊಂಡಾಗಿನ ವಯಸ್ಸನ್ನು ನಾನು ದಾಟಿ ಬಹಳ ವರ್ಷಗಳಾದವು. ಕ್ಷೌರದ ಅಂಗಡಿಯವನು ಕೂದಲಿಗೆ ಬಣ್ಣ ಹಚ್ಚಲೇ ಎಂದು ಪ್ರತಿ ಸಲವೂ ಕೇಳುತ್ತಾನೆ. ಬೇಡ ಎನ್ನುತ್ತೇನೆ. ಈ ತಲೆ ಬೆಳ್ಳಗಾಗುವಷ್ಟು ಕಾಲ ಉಳಿದದ್ದೇ ಅವರಿಂದ.