ಆ ‘ಬೇಡ’ ನನಗೆ ಅರ್ಥವಾಗಿತ್ತು

ಮೈಕು ನನ್ನ ಕೈಯಲ್ಲಿತ್ತು, ಎದುರು ಜನ ಕಾಯುತ್ತಿದ್ದರು, ನಾನು ಸುಳ್ಳು ಹೇಳಿದೆ. ಮಾವ, ಅದು ಬಾಯಿತಪ್ಪಿ ಬಂದ ಮಾತಲ್ಲ. ನೀವು ಕನ್ನಡದಲ್ಲಿ “ನಮಗೆ ಈ ದುಡ್ಡು ಬೇಡ” ಅಂದಿರಿ. ನನಗೆ ಸರಿಯಾಗಿ ಕೇಳಿಸಿತ್ತು, ಸರಿಯಾಗಿ ಅರ್ಥವೂ ಆಗಿತ್ತು. ಆದರೂ ಅದನ್ನು ಮರಾಠಿಗೆ ತಿರುಗಿಸುವಾಗ “ಆಮ್ಹೀ ಹಾತ್ ಜೋಡೂನ್ ಮಾಗತೋ” ಅಂದೆ — ಕೈಮುಗಿದು ಬೇಡುತ್ತೇವೆ ಅಂತ.

ಕನ್ನಡ ಸಂಘದ ಸಂಚಿಕೆಗೆ ಆ ತಮಾಷೆಯ ಕತೆ ಬರಿ ಅಂತ ನೀವೇ ಗಂಟುಬಿದ್ದಿರಿ. ‘ಬೇಡ’ಕ್ಕೂ ‘ಬೇಡು’ವಿಗೂ ವ್ಯತ್ಯಾಸ ಗೊತ್ತಿಲ್ಲದ ಅಳಿಯನ ಕತೆ ಹೇಳಿ ಡೊಂಬಿವ್ಲಿಯ ಸಂಘದಲ್ಲಿ ಎಷ್ಟು ಜನರನ್ನು ನಗಿಸಿದ್ದೀರಿ. ಬರೆಯುತ್ತಿದ್ದೇನೆ. ಆದರೆ ನಗುವ ಹಾಗೆ ಬರೆಯಲು ಆಗುತ್ತಿಲ್ಲ.

ಉಳಿದವರಿಗೂ ತಿಳಿಯಬೇಕಲ್ಲ. ಡೊಂಬಿವ್ಲಿ ದಾಟಿ ಕಲ್ಯಾಣದಿಂದ ಆಚೆ ನಮ್ಮದೊಂದು ಸಣ್ಣ ಊರು, ಹೆಸರು ಹೇಳುವುದಿಲ್ಲ. ಅಲ್ಲಿ ಮಾವನ ಹೋಟೆಲು ಇತ್ತು. ಇವರು ನನ್ನ ಅಮ್ಮನ ಅಣ್ಣ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು. ಶಾಲೆ ನನ್ನ ತಲೆಗೆ ಹತ್ತಲಿಲ್ಲ, ಅರ್ಧಕ್ಕೇ ಬಿಟ್ಟೆ. ಕನ್ನಡ ಅಕ್ಷರ ಕಲಿಸಿದ್ದು ಮಾವ, ಹೋಟೆಲಿನ ‘ಇಂದಿನ ಸ್ಪೆಷಲ್’ ಬೋರ್ಡಿನ ಮೇಲೆ. ಕನ್ನಡ ಬಲ್ಲ ಗಿರಾಕಿಗಳು ನನ್ನ ಅಕ್ಷರ ನೋಡಿ, “ಅಣ್ಣಾ, ಇದು ಯಾವ ತಿಂಡಿ?” ಅನ್ನುತ್ತಿದ್ದರು. “ಅದು ನನ್ನ ಅಳಿಯ. ಇನ್ನೂ ಬೆಂದಿಲ್ಲ” ಅಂತ ಮಾವ ಗಲ್ಲಾದಿಂದಲೇ ಹೇಳುವರು.

ಆಮೇಲೆ ನಮ್ಮ ನಗರಪಾಲಿಕೆ ದಿವಾಳಿಯಾಯಿತು. ಕೆರೆಯ ಸುತ್ತ ಬಣ್ಣದ ದೀಪ, ರಸ್ತೆಗೆ ಕಮಾನು, ಯಾರೂ ಇಳಿಯದ ಈಜುಕೊಳ — ಎಲ್ಲ ಸಾಲದಲ್ಲಿ ಕಟ್ಟಿದ್ದು. ದೊಡ್ಡ ಬಿಲ್ಡರುಗಳಿಂದ ಬಾಕಿ ತೆರಿಗೆ ಕೇಳುವ ಧೈರ್ಯ ಯಾರಿಗೂ ಇಲ್ಲ. ರಾಜ್ಯ ಸರ್ಕಾರ ಪ್ಯಾಕೇಜ್ ಕೊಟ್ಟು ಎತ್ತಲಿ ಅಂತ ಊರಿನವರ ಸಭೆ ಕರೆದರು. ಎಲ್ಲರೂ ಹೌದು ಅನ್ನುವವರೇ. ಮಾವ ಒಬ್ಬರೇ ಎದುರು ಮಾತಾಡಲು ಹೊರಟರು.

ನಾನು ಆಗ ಕಂತ್ರಾಟಿನಲ್ಲಿ ಪಾಲಿಕೆಯ ಕಸದ ಗಾಡಿ ಓಡಿಸುತ್ತಿದ್ದೆ. ಡೀಸೆಲ್ ಇಲ್ಲದೆ ಗಾಡಿಗಳು ನಿಂತಿದ್ದವು. “ಪ್ಯಾಕೇಜ್ ಬಂದರೆ ನೀನು ಪರ್ಮನಂಟ್” ಅಂತ ನಮ್ಮ ಕೆಲಸ ನೋಡಿಕೊಳ್ಳುವ ಮುಕಾದಮ ಹೇಳಿದ್ದ. ಸುಳ್ಳು ಹೇಳು ಅಂತ ಅವನು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಪರ್ಮನಂಟ್ — ಆ ಒಂದು ಶಬ್ದವೇ ತಲೆಯಲ್ಲಿ ತಿರುಗುತ್ತಿತ್ತು.

ಸಭೆಯ ಹಿಂದಿನ ದಿನ ನಾನು ಹೋಟೆಲಿನಲ್ಲೇ ಜಗಳ ತೆಗೆದೆ. “ಪ್ಯಾಕೇಜ್ ಬೇಡ ಅಂದ್ರೆ ನಮ್ಮ ಹೊಟ್ಟೆಗೆ ಎಂತ ಮಾಡುವುದು ಮಾವ?”

“ನಿನ್ನ ಗಾಡಿಯ ಹುಡುಗರನ್ನೆಲ್ಲ ಕರ್ಕೊಂಡು ಬಾ. ಗಾಡಿ ಹೊರಡುವವರೆಗೆ ಊಟ ಇಲ್ಲಿ. ಅದು ನನ್ನ ಕೈಯಿಂದ ಕೊಡುವುದು. ಆಚೆ ದಿವಾ ಊರಿನ ಚಾಳಿನ ಕೋಣೆಯಲ್ಲಿ ಒಬ್ಬಳು ಸೋಪು ತಗೊಳ್ತಾಳೆ, ಅದರಲ್ಲೂ ತೆರಿಗೆ ಉಂಟು. ಅವಳ ನಲ್ಲಿಯಲ್ಲೇ ಸರಿ ನೀರಿಲ್ಲ ಮಾರಾಯ. ನಮ್ಮ ಕಮಾನಿನ ಸಾಲ ಅವಳು ಯಾಕೆ ತೀರಿಸ್ಬೇಕು?”

“ಅವಳದ್ದೆಂತಕ್ಕೆ? ಸರ್ಕಾರದ ದುಡ್ಡಲ್ವಾ?”

“ಸರ್ಕಾರ ಎಂತ, ಹೋಟೆಲ್ ಇಟ್ಟಿದೆಯಾ ಗಲ್ಲಾ ತುಂಬಲಿಕ್ಕೆ? ಅದು ಅವಳದ್ದೇ. ಈಗ ಎತ್ತಿ ಬಿಟ್ರೆ ಇವರು ಇನ್ನೊಂದು ಕಮಾನು ಕಟ್ತಾರೆ, ನೋಡ್ತಾ ಇರು.”

ನಾನು ಮುಖ ತಿರುಗಿಸಿಕೊಂಡೆ. ಆದರೂ ಮಧ್ಯಾಹ್ನ ನಾವು ಹುಡುಗರೆಲ್ಲ ಅಲ್ಲೇ ಉಂಡೆವು. ಎರಡನೇ ಸಲ ಸಾರು ಬಡಿಸಿದ್ದು ನೀವೇ.

ನಿಮಗೆ ಮರಾಠಿ ಬರುವುದಿಲ್ಲ ಅಂತಲ್ಲ. ಗಿರಾಕಿಗಳ ಜೊತೆ ಸಲೀಸು. ಆದರೆ ಸಿಟ್ಟಿನ ಮಾತು ಮರಾಠಿಯಲ್ಲಿ ಆಡಿದರೆ ಜನ ನಗುತ್ತಾರೆ ಅಂತ ನಿಮಗೆ ಹೆದರಿಕೆ. “ನಾನು ಕನ್ನಡದಲ್ಲಿ ಹೇಳ್ತೇನೆ, ನೀನು ಮರಾಠಿಯಲ್ಲಿ ಹೇಳು” ಅಂದಿರಿ. ನಂಬಿ ಮೈಕು ಕೊಟ್ಟಿರಿ.

ನಾನು ಹೇಳಿ ಮುಗಿಸುವಷ್ಟರಲ್ಲಿ ಚಪ್ಪಾಳೆ. ಪಾಲಿಕೆಯ ಸದಸ್ಯರು, ನಗರಸೇವಕರು, ಓಡಿ ಬಂದು ನಿಮ್ಮ ಹೆಗಲಿಗೆ ಶಾಲು ಹೊದಿಸಿದರು. ನಾನು ಎಂತ ಹೇಳಿದೆ ಅಂತ ನಿಮಗೆ ತಿಳಿದಿತ್ತು. ಬಾಯಿ ತೆರೆದಿರಿ. ನನ್ನ ಮುಖ ನೋಡಿದಿರಿ. ಆಮೇಲೆ — ಸುಮ್ಮನಾದಿರಿ. ಅಷ್ಟು ಜನರ ಎದುರು ಅಳಿಯನಿಗೆ ಭಾಷೆ ಬರುವುದಿಲ್ಲ ಅಂತ ಆಗಬಾರದು, ಅದಕ್ಕೆ.

ರಿಕ್ಷಾದಲ್ಲಿ ವಾಪಸು ಬರುವಾಗ ನಾನೇ ಶುರುಮಾಡಿದೆ. “ಬೇಡ ಅಂದ್ರೆ ಬೇಡುವುದು ಅಲ್ವಾ ಮಾವ?” ಅಂದೆ. ಅದು ಎರಡನೇ ಸುಳ್ಳು. ಮೊದಲಿನದಕ್ಕಿಂತ ಅದೇ ಕೆಟ್ಟದ್ದು.

ನೀವು ಜೋರಾಗಿ ನಕ್ಕುಬಿಟ್ಟಿರಿ. ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನನ್ನ ತಲೆ ಸವರಿ, “ತಪ್ಪು ನಂದೇ ಮಾರಾಯ. ನಾನೇ ನಿನಗೆ ಸರಿ ಕಲಿಸ್ಲಿಲ್ಲ” ಅಂದಿರಿ.

ಆಗಲೇ ಹೇಳಬಹುದಿತ್ತು. ರಿಕ್ಷಾ ಇಳಿಯುವ ಮೊದಲು, ಅಲ್ಲೇ... ಹೇಳಲಿಲ್ಲ.

ಮರುದಿನದಿಂದ ಪೇಟೆಯವರ ಬಾಯಿಗೆ ನೀವು ಸಿಕ್ಕಿದಿರಿ. “ಕಾಯ್ ಅಣ್ಣಾ, ಇಡ್ಲಿಗೂ ಪ್ಯಾಕೇಜ್ ಕೇಳ್ತೀರಾ?” ತೆರಿಗೆಯನ್ನು ಒಂದು ಸಲವೂ ತಡಮಾಡದವರು ನೀವು. ಎಲ್ಲರಿಗಿಂತ ಮೊದಲು ಕೈಯೊಡ್ಡಿದವನು ಅಣ್ಣಾ ಅಂತ ಊರೆಲ್ಲ ಆಯಿತು. ನೀವು ಯಾರಿಗೂ ನನ್ನ ಹೆಸರು ಹೇಳಲಿಲ್ಲ. ಹೋಟೆಲು ಬಿಟ್ಟು ನೆರೂಳಿನ ಮಗಳ ಮನೆಗೆ ಹೋದ ಮೇಲೆ, ಆ ಊರಿನವರು ಯಾರೂ ಇಲ್ಲದ ಕಡೆ ಮಾತ್ರ ಅದನ್ನು ತಮಾಷೆ ಮಾಡಿ ಹೇಳತೊಡಗಿದಿರಿ.

ಪ್ಯಾಕೇಜ್ ಬಂತು. ಗಾಡಿಗಳು ಸ್ವಲ್ಪ ದಿನ ಓಡಿದವು. ನಾನು ಪರ್ಮನಂಟ್ ಆಗಲಿಲ್ಲ. ಆಗಿದ್ದರೂ ಮಾಡಿದ್ದು ಸರಿ ಆಗುತ್ತಿರಲಿಲ್ಲ. ಯಾವ ಬಿಲ್ಡರನ ಬಾಗಿಲನ್ನೂ ಯಾರೂ ತಟ್ಟಲಿಲ್ಲ. ಊರಿನ ಆ ತುದಿಗೆ ಇನ್ನೊಂದು ಕಮಾನು ಎದ್ದಿತು — ನೀವು ಹೇಳಿದ ಹಾಗೇ. ಈಗ ಪಾಲಿಕೆ ಮತ್ತೆ ಮುಳುಗಿದೆ, ಮತ್ತೆ ಪ್ಯಾಕೇಜ್ ಕೇಳಬೇಕಂತೆ, ಮತ್ತೆ ಸಭೆ. ಸೋಪಿನವಳು ಮತ್ತೆ ಕೊಡಬೇಕು. ಮೊದಲ ಸಲ ಅವಳ ಕೈಯಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬ.

ಈ ಸಲ ಮೈಕು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. “ನಕೋ” ಅನ್ನುತ್ತೇನೆ — ಬೇಡ ಅಂತ. ಅಣ್ಣಾ ಅವತ್ತು ಹೇಳಿದ್ದೂ ಇದೇ, ಅದನ್ನು ತಿರುಚಿದ್ದು ನಾನು ಅಂತ ಮರಾಠಿಯಲ್ಲೇ ಹೇಳುತ್ತೇನೆ. ನನ್ನ ಗಾಡಿ ನಿಂತರೆ ನಿಲ್ಲಲಿ.

ನೀವು ನನಗೆ ಸರಿಯಾಗಿಯೇ ಕಲಿಸಿದ್ದಿರಿ, ಮಾವ. ಕ್ಷಮಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಸಭೆಗೆ ಬಂದು ಮುಂದೆ ಕೂತ್ಕೊಳ್ಳಿ, ಅಷ್ಟು ಮಾತ್ರ ಬೇಡುತ್ತೇನೆ — ಈ ಶಬ್ದದ ಅರ್ಥ ಗೊತ್ತಿದ್ದೇ ಬರೆದಿದ್ದೇನೆ.

ಇನ್ನು ಹೇಳಲು ಏನೂ ಇಲ್ಲ.