ಬಬಲೇಶ್ವರ ಮೋಟಾರಿನ ಗುರಪ್ಪಣ್ಣ

ಗುರಪ್ಪಣ್ಣ ಮಾತಾಡಾಕ ಹತ್ತಿದ್ರ ಚಂದ ಹೋಗತಿದ್ದ. ನಡುವ 'ಬ' ಬಂತಂದ್ರ ನಿಂತ. ಇದ್ದಲಿ ಮೋಟಾರ ಏರಿನ್ಯಾಗ ನಿಂತಂಗ. ಎರಡೂ ತುಟಿ ಹತಗೊಂಡ ಕುಂಡ್ರತಿದ್ದು, ಕೊಳ್ಳಿನ ನರ ಉಬ್ಬತಿದ್ದು, ಕಣ್ಣ ಮುಚ್ಚತಿದ್ದ. ಎದುರಿನಾವ ಪಾಪ ಅನಕೊಂಡು ಆ ಶಬ್ದ ತಾನ ಹೇಳಿಬಿಟ್ರ ಮಾತ್ರ ಸಿಟ್ಟ ಬರತಿತ್ತು.

"ಅದು ನನ್ನ ಮಾತ. ನಾನ ಹೇಳತೇನಿ. ನಿಂದ್ರ," ಅಂತಿದ್ದ.

ನಿಂದ್ರಬೇಕಾಗತಿತ್ತು.

ಇಂಥಾವ ಮಾಡತಿದ್ದ ಕೆಲಸ ಯಾವುದಂದ್ರ, ಬಿಜಾಪುರದ ಮೋಟಾರ ಸ್ಟ್ಯಾಂಡಿನ್ಯಾಗ ನಿಂತು "ಬಬಲೇಶ್ವರ, ಬಬಲೇಶ್ವರ" ಅಂತ ಮಂದೀನ ಕರಿಯೋ ಏಜೆಂಟಂದು. ಆ ಮೋಟಾರ ಹೊಡಿಯಾವ ನಾನು.

ಲಡಾಯಿ ನಡದಿತ್ತು. ಪೆಟ್ರೋಲ ಸಿಗತಿದ್ದಿಲ್ಲ. ಮೋಟಾರಿನ ಹಿಂದ ಒಂದು ಭಟ್ಟಿ ಕುಂಡ್ರಿಸಿದ್ರು. ಅದರಾಗ ಇದ್ದಲಿ ತುಂಬಿ, ಬೆಂಕಿ ಹಚ್ಚಿ, ಕೈಲೆ ಪಂಖಾ ತಿರುವಿ, ಗ್ಯಾಸ ಹುಟ್ಟು ತನಾ ಕಾಯಬೇಕು. ಏರು ಬಂತಂದ್ರ ಮಂದಿ ಇಳಿದು ನೂಕಬೇಕು. ನನಗ ಮೊದಲ ತಾಳ್ಮಿ ಇಲ್ಲ. ಅಂಥಾದ್ರಾಗ ತಡಿಯೂ ಮೋಟಾರ, ತಡಿಯೂ ಮನಶ್ಯಾ, ಎರಡೂ ನನ್ನ ಹಣ್ಯಾಗ ಬಂದಿದ್ದು.

ಅವ ಮೊದಲ ತಿಕೋಟಾ ಮೋಟಾರಿನ ಮ್ಯಾಲ ಇದ್ದ. ಅಲ್ಲಿ ಅವನ್ನ ಮೀರಿಸಾವ್ರ ಇದ್ದಿಲ್ಲ. "ತಿಕೋಟಾ, ತಿಕೋಟಾ, ತಿಕೋಟಾ" ಅಂತ ಎಳದು ಕೂಗಿದ್ರ ಅಥಣಿ ರಸ್ತೇಕ ನಡಕೊಂಡ ಹೊಂಟಾವ್ರೂ ಹೊಳ್ಳಿ ಬಂದು ಏರತಿದ್ರು. ತಿಕೋಟಾ ಮತ್ತ ಬಬಲೇಶ್ವರ, ಎರಡೂ ಮೋಟಾರ ಒಬ್ಬನ ಸಾವಕಾರಂದು. ಒಂದಿನ ಗುರಪ್ಪಣ್ಣ ಸಾವಕಾರನ ಮುಂದ ಹೋಗಿ ನಿಂತ. ನಾನೂ ಅಲ್ಲೇ ಇದ್ದೆ.

"ನನ್ನ ಆ ಮೋಟಾರಿನ ಮ್ಯಾಲ ಹಾಕ್ರಿ," ಅಂದ.

"ಯಾವ ಮೋಟಾರ?" ಅಂದ ಸಾವಕಾರ.

ಗುರಪ್ಪಣ್ಣ ಕಣ್ಣ ಮುಚ್ಚಿದ. ಸಾವಕಾರ ಒಂದು ಎಲಿ ಅಡಕಿ ಹಾಕಿ ಮುಗಿಸಿದ. ಆಮ್ಯಾಲ ಊರ ಹೆಸರ ಬಂತು.

"ಹೆಸರ ಹೇಳಾಕ ಬರವಲ್ದು, ಅದನ್ನ ಕೂಗತಿಯೇನಪಾ? ತಿಕೋಟಾದಾಗ ಏನ ಕಡಿಮಿ ಆಗ್ಯದ ನಿನಗ?"

"ತಿಕೋಟಾ ಸಸಾರ ಐತಿ, ಸಾವಕಾರ್ರ. ಸಸಾರ ಇದ್ದದ್ದನ್ನ ಎಷ್ಟ ವರ್ಷ ಕೂಗಿದ್ರೂ ನಾಲಿಗಿ ಏನ ಕಲೀತದ?"

ಇದ್ದಲಿ ತುಂಬೂದು, ಟಾಪ್ ಮ್ಯಾಲ ಸಾಮಾನ ಏರಸೂದು, ಎಲ್ಲಾ ತಾನ ಮಾಡತೇನಿ ಅಂದ. ಒಂದಾಳ ಉಳೀತಂತ ಸಾವಕಾರ ಹ್ಞೂಂ ಅಂದ. ತ್ರಾಸ ಬಂದದ್ದು ನನಗ.

ಮೊದಲ ದಿನ ಅವ ಟಾಪ್ ಮ್ಯಾಲ ಏರಿ "ಬ" ಅಂತ ನಿಂತ. ಟಾಂಗಾದಾವ್ರೆಲ್ಲಾ ಟಾಂಗಾ ಬಿಟ್ಟು ನೋಡಾಕ ಬಂದ್ರು. ಒಬ್ಬ ಅಂದ: "ಏ ಗುರಪ್ಪ, ನೀ ಅದನ್ನ ಹೇಳಿ ಮುಗಸೂದ್ರಾಗ ನಮ್ಮ ಕುದರಿ ಬಬಲೇಶ್ವರ ಮುಟ್ಟಿ ಮೇವ ತಿಂದ ಹೊಳ್ಳಿ ಬರತೈತಿ." ಮಂದಿ ನಕ್ಕು ಅವನ ಟಾಂಗಾ ಏರಿದ್ರು. ನಾವು ಅರ್ಧಾ ಮೋಟಾರ ಖಾಲಿ ಹೋದಿವಿ.

ನಾನು ಅಂದೆ, "ಅಣ್ಣಾ, ಸಾರವಾಡ ಅಂತ ಕೂಗು. ಅದೂ ಇದ ಹಾದ್ಯಾಗ ಐತಿ. ಬಬಲೇಶ್ವರದಾವ್ರಿಗೆ ತಿಳೀತದ, ಏರತಾರ."

"ಸಸಾರದ್ದು ಒಲ್ಲೆ, ತಮ್ಮ," ಅಂದ.

ಈ ಮಾತ ಕೇಳಿ ಕೇಳಿ ನನ್ನ ಕಿವಿ ಜಡ್ಡಗಟ್ಟಿದ್ದು. ನಾವಿಬ್ರೂ ಜೋರಾಪುರ ಪೇಟ್ಯಾಗ ಒಂದು ಖೋಲಿ ಹಿಡದಿದ್ದಿವಿ. ನನಗ ಹಿಂದ ಮುಂದ ಯಾರೂ ಇದ್ದಿಲ್ಲ. ಅವಗೂ ಸಾಕಿದ ಅತ್ತಿ ಸತ್ತಮ್ಯಾಲ ಯಾರೂ ಇದ್ದಿಲ್ಲ. ರೊಟ್ಟಿ ಬಡಿಯಾಕ ನನಗ ಚಲೋ ಬರತಿತ್ತು. ಅವಗ ಬರತಿದ್ದಿಲ್ಲ. ಅದಕ್ಕಂತ ದಿನಾ ಅವನ ಬಡೀತಿದ್ದ. ಒಂದ ಕಡೆ ಹೊತ್ತಿ, ಒಂದ ಕಡೆ ಹಸಿ ಉಳದಿದ್ದ ರೊಟ್ಟಿ ತಿಂದ ತಿಂದ ನಾ ಬೈತಿದ್ದೆ. "ನಾಳಿ ಇದಕಿಂತ ಚಲೋ ಆಗತಾವ," ಅಂತಿದ್ದ. ಆಗತಿದ್ದಿಲ್ಲ. ಆದ್ರೂ ಮನ್ಯಾಗ ಹೊಗಿ ಏಳತಿತ್ತು, ಒಬ್ಬ ಇನ್ನೊಬ್ಬನ್ನ ಬೈತಿದ್ದ. ಅಷ್ಟ ಇತ್ತು ನನಗ.

ನಾಯಿಗೋಳಂದ್ರ ಅವಗ ಅಂಜಿಕಿ. ಸಾರವಾಡದಾಗ ಮೋಟಾರ ನಿಂತಲ್ಲಿ ಒಂದು ಕೆಂಪ ನಾಯಿ ಬರತಿತ್ತು. ಅದಕ್ಕ ತನ್ನ ಕೈಲೆನ ರೊಟ್ಟಿ ಕೊಡತೇನಂತ ಹೊಂಟ. ನಾಯಿ ರೊಟ್ಟಿ ಬಿಟ್ಟು ಕೈ ಕಚ್ಚಿತು. ನಾನು ಅರಿವಿ ಹರದು ಕಟ್ಟಿ, "ಸಾಕಾತೇನ?" ಅಂದೆ. ಮರುದಿನ ಇನ್ನೊಂದ ಕೈಲೆ ಕೊಟ್ಟ. ಹೊತ್ತಿದ ರೊಟ್ಟಿ ಮುರಕೊಂಡ ತಿನ್ನಾವ್ರು ನನ್ನ ಬಿಟ್ರ ಆ ನಾಯಿ ಒಂದ. ಅದೂ ಕಡೀಕ ಅವನ್ನ ಒಪ್ಪಿಕೊಂತು.

ಹೊತ್ತ ಮುಳುಗೂ ಮುಂದ ಮೋಟಾರ ನಿಲ್ಲಿಸಿ ಅವ ಎಲ್ಲೋ ಹೋಗತಿದ್ದ. ಒಂದಿನ ಬೆನ್ನ ಹತ್ತಿ ಹೋದೆ. ಊರ ಹೊರಗ ಒಂದು ಹಳೇ ಬಾವಡಿ ಐತಿ. ಪಾವಟಿಗಿ ಇಳಿದು ನೀರಿನ ಹಂತೇಲಿ ಹೋದ್ರ ಸುತ್ತ ಕಲ್ಲಿನ ಗ್ವಾಡಿ. ಅಲ್ಲಿ ಯಾರೂ ಬರಂಗಿಲ್ಲ. ಅಲ್ಲಿ ಕುಂತು ನೀರಿಗೆ "ಬ, ಬ" ಅನ್ನಾಕತ್ತಿದ್ದ. ಗ್ವಾಡಿ ಅದನ್ನ ಹೊಳ್ಳಿ ಅವಗ ಅಂತಿತ್ತು.

"ಇದಕ್ಕ ಇಲ್ಲಿ ತನಾ ಯಾಕ ಬರತಿ? ಗೋಳಗುಮ್ಮಟ ಐತೆಲ್ಲ," ಅಂದೆ ಹಿಂದಿಂದ.

ಅವ ಬೆಚ್ಚಲಿಲ್ಲ. "ಅಲ್ಲಿ ಒಮ್ಮಿ ತೊದಲಿದ್ರ ಏಳ ಸಲ ತೊದಲತೈತಿ. ನನಗ ನಂದೊಂದ ಸಾಕು," ಅಂದ.

ನಕ್ಕೆ. ಅವನೂ ನಕ್ಕ. ಆಮ್ಯಾಲ ತಾನ ಹೇಳಿದ, ನಾ ಏನೂ ಕೇಳಿದ್ದಿಲ್ಲ.

ಅವಂದು ಮದವಿ ಆಗಿತ್ತು. ಹುಡಗಿ ಬಬಲೇಶ್ವರದಾಕಿ, ಬಸವ್ವ ಅಂತ. ಮದವಿ ಮುಗಿಸಿ ಜೋರಾಪುರ ಪೇಟೀಗೆ ಸೊಸಿನ್ನ ಕರಕೊಂಡ ಬಂದ್ರು. ಹೊಸ್ತಿಲಾಗ ಅಕ್ಕಿ ತುಂಬಿದ ಸೇರ ಇಟ್ಟಿದ್ರು. ನಮ್ಮಲ್ಲಿ ಗಂಡ ಹೆಂಡ್ತಿ ಒಬ್ಬರ ಹೆಸರ ಒಬ್ಬರು ಹೇಳಿದ ಮ್ಯಾಲನ ಒಳಗ ಬಿಡತಾರಲ್ಲ, ಹಂಗ ಹೆಂಗಸರೆಲ್ಲಾ ಬಾಗಿಲಾ ಅಡ್ಡಗಟ್ಟಿ "ಹೆಸರ ಹೇಳೋ ಗುರಪ್ಪ, ಹೆಸರ ಹೇಳು" ಅಂದ್ರು. ಇವ 'ಬ' ದಾಗ ನಿಂತ. ಒಬ್ಬಾಕಿ ನಕ್ಕಳು. ಎಲ್ಲಾರೂ ನಕ್ರು. ಇವ ಹೆಂಡ್ತಿ ಸೆರಗಿಗೆ ಕಟ್ಟಿದ್ದ ಗಂಟ ಬಿಚ್ಚಿ ಒಗದು ಓಡಿದ. ಪೇಟ್ಯಾಗ ಜ್ವಾಳದ ಚೀಲದ ಹಿಂದ ಹೋಗಿ ಕುಂತ. ಸಂಜಿ ತನಾ ಹೊರಗ ಬರಲಿಲ್ಲ.

ಅಕಿ ಹೊಸ್ತಿಲಾಗ ನಿಂತಿದ್ಳು. ಒಳಗೂ ಹೋಗಂಗಿಲ್ಲ, ಹಿಂದಕೂ ಬರಂಗಿಲ್ಲ. ಕಡೀಕ ಅಕಿ ಅಣ್ಣ ಬಂಡಿ ಹೂಡಿ ಹೊಳ್ಳಿ ಕರಕೊಂಡ ಹೋದ. ಹೋಗೂ ಮುಂದ ಅಂದನಂತ: "ನಮ್ಮ ಬಾಗಿಲಿಗೆ ಬಂದು, ಮಂದಿ ಮುಂದ ನನ್ನ ತಂಗಿ ಹೆಸರ ಹೇಳ್ಲಿ. ಅವತ್ತ ಕಳಸ್ತೇನಿ."

"ಹೋಗಿ ಹೇಳೂದಲ್ಲ?" ಅಂದೆ.

"ಹೇಳಾಕ ಆಗಿದ್ರ ಹೋಗತಿದ್ದಿಲ್ಲೇನ?"

ಅದಕ್ಕ ಅವ ಆ ಮೋಟಾರ ಕೇಳಿದ್ದು. ನಾವು ದಿನಾ ಬಬಲೇಶ್ವರಕ್ಕ ಹೋಗತಿದ್ದಿವಿ. ಟಾಪ್ ಮ್ಯಾಲಿಂದ ಬಸವ್ವನ ಮನಿ ಮಾಳಗಿ ಕಾಣತಿತ್ತು. ಅವ ಸಾಮಾನ ಇಳಿಸಿ ಅಲ್ಲೇ ಮ್ಯಾಲ ಕುಂಡ್ರತಿದ್ದ. ಅಕಿ ಒಮ್ಮೊಮ್ಮಿ ನೀರ ಹೊತಗೊಂಡು ಮೋಟಾರ ಮುಂದ ಹಾದ ಹೋಗತಿದ್ಳು. ಮ್ಯಾಲ ನೋಡತಿದ್ದಿಲ್ಲ. ಇವ ಕೆಳಗ ಇಳೀತಿದ್ದಿಲ್ಲ.

ವರ್ಷ ಹ್ವಾದು. ನಾಲಿಗಿ ನೆಟ್ಟಗಾತು. ಒಂದ ದಿನಕ್ಕಲ್ಲ. ಮೊದಲ ಒಂದ ಕೂಗ ಬಂತು, ಆಮ್ಯಾಲ ವಾರದಾಗ ಒಂದ ದಿನ ಬಂತು, ಆಮ್ಯಾಲ ಎಡವಿದ್ದ ದಿನ ನಮಗ ಹೊಸಾದಾಗಿ ಕಾಣಾಕತ್ತು. ಟಾಂಗಾದಾವ್ರು ನಗೂದ ಬಿಟ್ರು. ಪೆಟ್ರೋಲ ಬರಲಿಲ್ಲ ಖರೆ, ಲಡಾಯಿ ಮುಗೀತು. ಆದ್ರೂ ಅವ ಬಾವಡಿಗೆ ಹೋಗೂದ ಬಿಡಲಿಲ್ಲ. "ಊರ ಹೆಸರ ಬಂತು ಖರೆ. ಅಕಿ ಹೆಸರ ಬರವಲ್ದು," ಅಂತಿದ್ದ.

ಒಂದಿನ ಬಬಲೇಶ್ವರದಾಗ ಬಸವ್ವನ ಅಣ್ಣ ಮೋಟಾರಿನ ಹಂತೇಲಿ ಬಂದು ನನಗ ಅಂದ, ಅವಗ ಕೇಳೂವಂಗ: "ನಿಮ್ಮ ಏಜೆಂಟಗ ಹೇಳ್ರಿ. ಎಷ್ಟಂತ ಕಾಯೂದು? ಸುಗ್ಗಿ ಮುಗದಮ್ಯಾಲ ತಂಗೀನ್ನ ಬ್ಯಾರೆದಾವಗ ಕೊಟ್ಟು ಉಡಿಕಿ ಮಾಡತೇವಿ."

ಎರಡನೇ ಮದವಿ ಆತಂದ್ರ ಮುಗೀತು. ಅವತ್ತ ಅವ ರೊಟ್ಟಿ ಬಡಿಯಲಿಲ್ಲ. ನಾನ ಬಡದೆ. ಚಲೋ ಆಗಿದ್ದು. ಇಬ್ರಿಗೂ ಊಟ ಹೋಗಲಿಲ್ಲ.

ಮರುದಿನ ಬಬಲೇಶ್ವರದಾಗ ಮೋಟಾರ ನಿಲ್ಲಿಸಿದ ಕೂಡಲೇ ಅವ ಟಾಪ್ ಇಳದ. ಮಸಿ ಕೈ ಧೋತರಕ್ಕ ಒರಸಿಕೊಂಡ. "ಬಾ ತಮ್ಮ," ಅಂದ. ಆ ಶಬ್ದ ಸರಳ ಬಂತು. ನಾನು ಮನಸಿನ್ಯಾಗ ಕೆಲಸ ಆತು ಅಂದೆ.

ಬಾಗಿಲದಾಗ ಅಣ್ಣ ನಿಂತಿದ್ದ. ಓಣಿ ಮಂದಿ ಕೂಡಿದ್ರು. ಒಳಗ ಕತ್ತಲದಾಗ ಬಸವ್ವ ಇದ್ದಾಳಂತ ಬಳಿ ಸಪ್ಪಳದಿಂದ ಗೊತ್ತಾತು.

ಗುರಪ್ಪಣ್ಣ ಹೊಸ್ತಿಲ ಮುಂದ ನಿಂತು "ಬ" ಅಂದ. ಮುಂದ ಹೋಗಲಿಲ್ಲ.

ಮತ್ತ ಹಿಡದ. ಮತ್ತ ನಿಂತ. ಕೊಳ್ಳಿನ ನರ ಉಬ್ಬಿದ್ದು. ಯಾವನೋ ಹಿಂದಿಂದ, "ಏ ಡ್ರೈವರಾ, ಇಳದ ನೂಕಪಾ," ಅಂದ. ಎಲ್ಲಾರೂ ನಕ್ರು. ನನಗ ಅವನ ಕೊಳ್ಳಪಟ್ಟಿ ಹಿಡಿಯೂವಂಗ ಆತು. ಬ್ಯಾಡ, ಹೋಗೂನು ನಡಿ ಅಂತ ಗುರಪ್ಪಣ್ಣನ ರಟ್ಟಿ ಜಗ್ಗಿದೆ. ಅವ ಕೈ ಬಿಡಿಸಿಕೊಂಡ.

"ನಿಂದ್ರ," ಅಂದ.

ನಿಂತ. ಬಿಸಲ ನೆತ್ತಿಗೆ ಬಂತು. ನಕ್ಕಾವ್ರಿಗೆ ನಕ್ಕ ಬ್ಯಾಸರಾತು, ಒಬ್ಬೊಬ್ರ ಹ್ವಾದ್ರು. ಮೋಟಾರಿನ್ಯಾಗ ಕುಂತಾವ್ರು ನನ್ನ ಬೈಯಾಕ ಬಂದು, ಇವನ ಮಾರಿ ನೋಡಿ ಸುಮ್ನ ಹೊಳ್ಳಿ ಹ್ವಾದ್ರು. ಅವ 'ಬ' ಹಿಡೀತಿದ್ದ, ಬಿಡತಿದ್ದ, ಬೆವರ ಒರಸತಿದ್ದ, ಮತ್ತ ಹಿಡೀತಿದ್ದ. ಕಾಲ ಮಾತ್ರ ಇದ್ದಲ್ಲೇ ಇದ್ದು.

ಬಸವ್ವ ಹೊರಗ ಬಂದ್ಳು. ಕೈಯಾಗ ಒಂದು ಗಂಟ ಇತ್ತು. ಅಣ್ಣನ ಕಡೆ ನೋಡಿ ಅಂದ್ಳು:

"ಗುರಪ್ಪನವರು ನಿಂತಾರ. ನಾ ಹೋಗತೇನಿ, ಯಣ್ಣಾ."

"ಇವ ನಿನ್ನ ಹೆಸರ ಇನ್ನೂ ಹೇಳಿಲ್ಲಲ್ಲ ಬೇ."

"ನಾ ಅವರದ ಹೇಳಿದ್ನೆಲ್ಲ. ಅವತ್ತೂ ನಾ ಹೆಸರ ಕೇಳಿದ್ದಿಲ್ಲ. ಆ ಮಂದಿ ಒಳಗ ಒಬ್ಬಾಕಿನ್ನ ಬಿಟ್ಟ ಹ್ವಾದ್ರು, ಅದಕ್ಕ ಸಿಟ್ಟಿತ್ತು ನನಗ."

ಅಣ್ಣ ಬಾಗಿಲಾ ಬಿಟ್ಟು ಸರದ.

ಹೊಳ್ಳಿ ಬರೂ ಮುಂದ ಅವರಿಬ್ರೂ ನನ್ನ ಹಿಂದಿನ ಬಾಕಿನ ಮ್ಯಾಲ ಕುಂತಿದ್ರು. ಸಾರವಾಡದಾಗ ಭಟ್ಟಿ ಕೆದರಾಕ ನಿಲ್ಲಿಸಿದ್ರ ಹೊಗಿ ಎಲ್ಲಾ ಒಳಗ ಬಂತು. ಅಕಿ ಕೆಮ್ಮಾಕತ್ತಳು.

"ಬಸವ್ವ, ಕಿಡಕಿ ಕಡೆ ಕುಂಡ್ರ," ಅಂದ ಗುರಪ್ಪಣ್ಣ.

ಎಡವಲಿಲ್ಲ. ಅವಗ ಅದು ಗೊತ್ತಾಗಲೂ ಇಲ್ಲಂತ ಕಾಣತದ. ನಾ ತಿರುಗಿ ನೋಡಲಿಲ್ಲ.

ಮೋಟಾರ ಸ್ಟ್ಯಾಂಡಿನ್ಯಾಗ ಇಳದಮ್ಯಾಲ ಅಂದ, "ಅಕಿಗೆ ಆ ಪೇಟಿ ಬ್ಯಾಡಂತ, ತಮ್ಮ. ಸೊಲ್ಲಾಪುರಕ್ಕ ಹೋಗಿ ಗಿರಣ್ಯಾಗ ಕೆಲಸ ನೋಡತೇನಿ." ಅಕಿ ಅವತ್ತ ನಿಂತಿದ್ದ ಓಣಿ ಅದು. ಖೋಲ್ಯಾಗಿನ ಅವನ ಸಾಮಾನ ನಾನ ಕಟ್ಟಿ ತಂದೆ. ಒಂದ ಅಂಗಿ, ಒಂದ ಧೋತರ. ರೊಟ್ಟಿ ಹಂಚ ಇರ್ಲಿ, ನಿನಗ ಬೇಕಾಗತೈತಿ ಅಂದ.

ಟೇಸನ್ನಿನ್ಯಾಗ ಗಾಡಿ ನಿಂತಿತ್ತು. ಬಸವ್ವನ ಒಳಗ ಕುಂಡ್ರಿಸಿ ಅವ ಬಾಗಿಲಕ್ಕ ಬಂದು ನಿಂತ. ನಾನು "ಗಂಟ ಸರಿಯಾಗಿ ಇಟಗೋರಿ" ಅಂದೆ. "ಸೊಲ್ಲಾಪುರದಾಗ ಕಿಸೆ ಕತ್ತರಸ್ತಾರ, ಹುಷಾರ" ಅಂದೆ. ಮತ್ತೇನೇನೋ ಅಂದೆ. ನನ್ನ ನಾಲಿಗಿ ಎಂದೂ ತಡದಿದ್ದಲ್ಲ. ಮಂದಿಗೆ ಮಾರಿ ಮ್ಯಾಲ ಹೇಳಾವ ನಾನು. ನಿನ್ನ ಬಿಟ್ರ ನನಗ ಯಾರೂ ಇಲ್ಲ ಅಂತ ಒಂದ ಮಾತ ಇತ್ತು. ಅದು ಬರವಲ್ತು.

ಅವಗ ಗೊತ್ತಾತು. ಬಾಯಿ ತೆರದು ಸುಮ್ನ ನಿಂತಾವನ್ನ ಅವ ಗುರತ ಹಿಡೀದ ಇರತಾನೇನ?

"ಏನರ ಹೇಳಾವ ಇದ್ದಿಯೇನ, ತಮ್ಮ? ಹೇಳ. ನಾ ನಿಂದ್ರತೇನಿ," ಅಂದ.

ಬಾಯಾಗ ಅದನ್ನ ತುಂಬಲಿಲ್ಲ, ನೆನಪ ಮಾಡಿ ಕೊಡಲಿಲ್ಲ. ನನ್ನ ಮಾರಿ ನೋಡಕೋತ ಬಾಗಿಲದಾಗ ನಿಂತ. ಗಾಡಿ ಸೀಟಿ ಹೊಡೀತು, ಬಿಡ್ತು. ಅವ ನಿಂತ ಇದ್ದ.

"ಏನಿಲ್ಲ," ಅಂದೆ ನಾನು.

ಈಗ ಪೆಟ್ರೋಲ ಬಂದೈತಿ, ಭಟ್ಟಿ ಕಿತ್ತ ಒಗದಾರ. ಮೋಟಾರ ತಡಿಯಂಗಿಲ್ಲ. ಹೊಸಾ ಏಜೆಂಟ ಒಂದ ಉಸರಿನ್ಯಾಗ ನಾಕ ಸಲ ಬಬಲೇಶ್ವರ ಅಂತಾನ. ಸಾರವಾಡದಾಗ ಆ ಕೆಂಪ ನಾಯಿ ಇನ್ನೂ ಬರತೈತಿ, ಟಾಪ್ ಕಡೆ ನೋಡತೈತಿ. ನನ್ನ ರೊಟ್ಟಿ ಹೊತ್ತಿರಂಗಿಲ್ಲ, ಅದು ಮೂಸಿ ಬಿಡತೈತಿ.

ಹೊತ್ತ ಮುಳುಗೂ ಮುಂದ ನಾ ಬಾವಡಿಗೆ ಹೋಗತೇನಿ. ನೀರಿನ ಹಂತೇಲಿ ಅವ ಕುಂಡ್ರತಿದ್ದ ಪಾವಟಿಗಿ ಮ್ಯಾಲ ಕುಂಡ್ರತೇನಿ. ಅಲ್ಲಿ ಯಾರೂ ಇಲ್ಲ, ನಗಾವ್ರೂ ಇಲ್ಲ. ಆದ್ರೂ ಆ ಮಾತ ಕೊಳ್ಳಾಗ ನಿಂದ್ರತೈತಿ.

ನಿನ್ನಿ ತುಟಿ ತನಾ ಬಂದಿತ್ತು.